ಏಳನೆಯ ದಿನದ ಬಟವಾಡೆ

ಈ ವಿಡಿಯೊದಲ್ಲಿ ಈಗ ಕಾಣುತ್ತಿರುವುದು ಹೊಗೆ, ಮಂಜಲ್ಲ. ಬೆಳಗಿನ ಐದೂವರೆ ಗಂಟೆ, ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿ. ಒಲೆ ಹೊತ್ತಿ ಆಗಲೇ ಎರಡು ತಾಸಾಗಿದೆ. ಮಾತಿಲ್ಲದೆ ಬರೀ ಸದ್ದು ಕೇಳಿಸೋಣವೆಂದಿದ್ದೆ, ಆದರೆ ಕಳೆದ ಸಲ ಹಾಗೆ ಮಾಡಿದಾಗ ಧ್ವನಿ ಕೆಟ್ಟಿದೆ ಎಂದು ಎಷ್ಟೋ ಮಂದಿ ತಿಳಿದುಕೊಂಡಿರಿ. ಇವತ್ತು ಮಾತಾಡುತ್ತೇನೆ. ಹೇಳಬೇಕಾದದ್ದೂ ಬಹಳ ದಿನದಿಂದ ಉಳಿದಿದೆ.

ಇಲ್ಲಿ ಭಟ್ಟಿಯಲ್ಲಿ ದುಡಿಯುವ ಚಾಚಾ ಅಕ್ಕಿಯನ್ನು ಕಾದ ಮರಳಿಗೆ ಸುರಿಯುತ್ತಿದ್ದಾರೆ. ಅರಳುವುದಕ್ಕೆ ಎಷ್ಟು ಹೊತ್ತು ಬೇಕೆಂದು ನೀವೇ ನೋಡಿ. ಅವರ ಕೈ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಅದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ.

ವಿಷಯ ಇದು. ಹದಿನಾಲ್ಕು ತಿಂಗಳಿನಿಂದ ನಾನು ಒಂದು ವೇದಿಕೆಯಲ್ಲಿ ಬರೆಯುತ್ತಿದ್ದೇನೆ. ಬರಹ ಮೆಚ್ಚಿದವರು ವೋಟು ಹಾಕುತ್ತಾರೆ, ವೋಟು ದುಡ್ಡಾಗುತ್ತದೆ. ದುಡ್ಡೆಂದರೆ ನೋಟಲ್ಲ, ಕ್ರಿಪ್ಟೊ ನಾಣ್ಯ, ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ದುಡ್ಡು. ಈ ಬಗೆಯಲ್ಲಿ ಮೊದಲು ಹೆಸರಾದದ್ದು ಸ್ಟೀಮಿಟ್, 2016ರಲ್ಲಿ ಶುರುವಾಯಿತು. 2020ರ ಮಾರ್ಚ್‌ನಲ್ಲಿ ಅಲ್ಲಿನ ಒಂದು ಗುಂಪು ಬೇರೆಯಾಗಿ ಹೈವ್ ಎಂಬುದನ್ನು ಕಟ್ಟಿಕೊಂಡಿತು. ಅದೇ ತಿಂಗಳ 4ರಂದು ನಮ್ಮ ಸುಪ್ರೀಂ ಕೋರ್ಟ್, ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಕ್ಕೆ ಕೈ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ರದ್ದು ಮಾಡಿತು. ನಾನಿರುವ ವೇದಿಕೆಯೂ ಅದೇ ಜಾತಿಯದು. ಯಾವುದೆಂದು ಹೇಳುವುದಿಲ್ಲ, ನೀವು ಹೋಗಿ ಅವರನ್ನು ಬೈಯುವುದು ನನಗೆ ಬೇಡ.

ಬರಹ ಹಾಕಿದ ಏಳನೆಯ ದಿನ ಅದರ ಹಣ ಕೈಸೇರುತ್ತದೆ. ನಾನು ಅದಕ್ಕೆ ಬಟವಾಡೆ ಎನ್ನುತ್ತೇನೆ. ನಮ್ಮ ಅಜ್ಜ ಈ ಊರಿನ ಹತ್ತಿ ಗಿರಣಿಯೊಂದರಲ್ಲಿ ದುಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಅದು. ಬಟವಾಡೆಯ ದಿನ ಕಿಟಕಿಯ ಮುಂದೆ ಸಾಲು ನಿಂತು, ಹಣವನ್ನು ಎರಡು ಸಲ ಎಣಿಸಿಕೊಂಡು, ಎಂಟಾಣೆ ಕಡಿಮೆ ಬಂದರೂ ಅಲ್ಲೇ ನಿಂತು ಗುಮಾಸ್ತನನ್ನು ಕೇಳುತ್ತಿದ್ದರಂತೆ. ಗುಮಾಸ್ತ ಹಾಜರಿ ಪುಸ್ತಕ ತಿರುವಿ ಇಂಥ ದಿನ ನೀನು ಬಂದಿಲ್ಲ ಎಂದು ತೋರಿಸಬೇಕಾಗಿತ್ತು. ತೋರಿಸದಿದ್ದರೆ ಅಜ್ಜ ಕಿಟಕಿ ಬಿಡುತ್ತಿರಲಿಲ್ಲ.

ಇದು ಜರಡಿ ಹಿಡಿಯುವುದು. ಮರಳು ಕೆಳಗೆ, ಮಂಡಕ್ಕಿ ಮೇಲೆ. ಮುಂದಿನ ದೃಶ್ಯಕ್ಕೆ ಹೋಗೋಣ.

ಬೆಣ್ಣೆ ದೋಸೆ. ಪ್ರತಿ ಸಲ ತೋರಿಸುತ್ತೇನೆ, ಈ ಸಲವೂ ಬಿಡುವುದಿಲ್ಲ. ಈ ಹಿಟ್ಟಿಗೂ ಮಂಡಕ್ಕಿ ಹಾಕಿ ರುಬ್ಬುತ್ತಾರೆ. ಬೆಳಿಗ್ಗೆ ನೋಡಿದ್ದು ಈಗ ಇಲ್ಲಿ ಕಾವಲಿಯ ಮೇಲಿದೆ ಎನ್ನಬಹುದು. ಹೊರಗಿನ ಊರುಗಳಲ್ಲಿ ದಾವಣಗೆರೆ ಬೆಣ್ಣೆ ದೋಸೆ ಎಂದು ಫಲಕ ಹಾಕಿ, ಬೆಣ್ಣೆಯ ಬದಲು ಏನೋ ಒಂದನ್ನು ಸವರಿ ಕೊಡುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ. ಅದು ನಮ್ಮ ಊರಿನ ಹೆಸರು. ಇರಲಿ, ಎರಡನೆಯ ದೋಸೆ ಬಂತು.

ಇದೇ ದೋಸೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ ನನಗೆ ನಾಲ್ಕು ಡಾಲರ್ ಬಂದಿತ್ತು. ಅದರ ಮರುವಾರ ದುಗ್ಗಮ್ಮನ ಜಾತ್ರೆಯ ಬಗ್ಗೆ ಕನ್ನಡದಲ್ಲಿ ಬರೆದೆ. ಮೂರು ರಾತ್ರಿ ಕುಳಿತು ಬರೆದದ್ದು. ಬಂದದ್ದು ಸೊನ್ನೆ. ಎರಡು ಸೆಂಟ್‌ಗಿಂತ ಕಡಿಮೆಯಾದರೆ ಪಾವತಿಯೇ ಇಲ್ಲವೆಂಬ ನಿಯಮವಿದೆ. ಮೂವರು ವೋಟು ಹಾಕಿದ್ದರು, ಮೂವರೂ ನನ್ನ ಹಾಗೆ ಸಣ್ಣವರು. ಅಲ್ಲಿ ಎಲ್ಲರ ವೋಟಿಗೂ ಒಂದೇ ತೂಕವಿಲ್ಲ. ಯಾರು ಎಷ್ಟು ನಾಣ್ಯವನ್ನು ಬೀಗ ಹಾಕಿ ಇಟ್ಟಿದ್ದಾರೋ ಅವರ ವೋಟು ಅಷ್ಟು ಭಾರ. ನನ್ನ ಪೂರ್ತಿ ವೋಟಿನ ಬೆಲೆ ಒಂದು ಸೆಂಟ್ ಕೂಡ ಆಗುವುದಿಲ್ಲ. ಭಾರದ ವೋಟಿನವರಿಗೆ ಕನ್ನಡ ಬರುವುದಿಲ್ಲ. ಆ ದಿನ ಇದು ಅನ್ಯಾಯವೆಂದು ಅಮ್ಮನ ಮುಂದೆ ಕೂಗಾಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಓದಲು ಬಾರದ್ದನ್ನು ಮೆಚ್ಚಿದೆವೆಂದು ಅವರು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಕನ್ನಡಿಗರು ಅಲ್ಲಿ ಸಾಲದು, ಅಷ್ಟೇ.

ಇದು ಮಂಡಿಪೇಟೆ, ನಾನು ಲೆಕ್ಕ ಬರೆಯುವ ಅಂಗಡಿಗೆ ಹೋಗುವ ದಾರಿ. ಅಂಗಡಿಯ ಒಳಗೆ ಕ್ಯಾಮೆರಾ ತರುವುದಿಲ್ಲವೆಂದು ಮಾಲೀಕರಿಗೆ ಮಾತು ಕೊಟ್ಟಿದ್ದೇನೆ. ಆದ್ದರಿಂದ ರಸ್ತೆಯನ್ನೇ ನೋಡುತ್ತಿರಿ, ನಾನು ಇಪ್ಪತ್ತನಾಲ್ಕು ಡಾಲರಿನ ಒಂದು ಕಥೆ ಹೇಳುತ್ತೇನೆ.

ಭಟ್ಟಿಯ ಬಗ್ಗೆ ಒಂದು ದೊಡ್ಡ ಲೇಖನ ಬರೆದಿದ್ದೆ. ಭತ್ತ ನೆನೆಹಾಕುವುದರಿಂದ ಹಿಡಿದು ಚೀಲಕ್ಕೆ ತುಂಬುವವರೆಗೆ ಹದಿನೆಂಟು ಫೋಟೊ. ಎರಡನೆಯ ದಿನ ಯಾರೋ ಭಾರದ ವೋಟಿನವರ ಕಣ್ಣಿಗೆ ಬಿತ್ತು. ಮೊತ್ತ ಇಪ್ಪತ್ತನಾಲ್ಕು ಡಾಲರ್‌ಗೆ ಏರಿತು. ಅದರಲ್ಲಿ ಅರ್ಧ ವೋಟು ಹಾಕಿದವರಿಗೆ ಹೋಗುತ್ತದೆ, ಅರ್ಧ ಬರೆದವರಿಗೆ. ನನ್ನ ಹನ್ನೆರಡರಲ್ಲಿ ಆರು ಕೈಗೆ, ಇನ್ನಾರು ಬೀಗದಲ್ಲಿ. ಬೀಗದಲ್ಲಿರುವುದನ್ನು ತೆಗೆಯಬೇಕಾದರೆ ಹದಿಮೂರು ವಾರ, ವಾರಕ್ಕೊಂದು ಕಂತು. ಹಾಗಿದ್ದರೂ ಒಟ್ಟು ಸಾವಿರ ರೂಪಾಯಿ ಹತ್ತಿರ ಹತ್ತಿರ. ದಿನಕ್ಕೆ ಹತ್ತು ಸಲ ತೆರೆದು ನೋಡಿದೆ. ಹೊಸ ಮೈಕ್ ಕೊಳ್ಳುವುದೆಂದು ನಿಶ್ಚಯ ಮಾಡಿದ್ದೆ.

ಆರನೆಯ ದಿನ ಬೆಳಿಗ್ಗೆ ಮೊತ್ತ ಸೊನ್ನೆ.

ಅಲ್ಲಿ ಮೊತ್ತವನ್ನು ಇಳಿಸುವ ವಿರೋಧದ ವೋಟೂ ಇದೆ. ಬೇರೆಯವರ ಬರಹ ಕದ್ದು ಹಾಕುವವರನ್ನು ಹಿಡಿಯುವ ತಂಡವೊಂದು ನನ್ನ ಲೇಖನಕ್ಕೆ ವಿರೋಧದ ವೋಟು ಹಾಕಿತ್ತು. ಕಾರಣ, ಅದರಲ್ಲಿನ ಆರು ಫೋಟೊಗಳು ಒಂದು ವರ್ಷದ ಹಿಂದೆಯೇ ಫೇಸ್‌ಬುಕ್ ಪುಟವೊಂದರಲ್ಲಿ ಇದ್ದವು. ಆ ಪುಟ ಯಾರದ್ದು? ನನ್ನದೇ. ಬೇರೆಯವರ ಕ್ಯಾಮೆರಾ ಅಲ್ಲ, ಬಾಡಿಗೆಯ ಕ್ಯಾಮೆರಾ ಅಲ್ಲ, ಈಗ ಇದನ್ನು ಚಿತ್ರೀಕರಿಸುತ್ತಿರುವ ಇದೇ ಮೊಬೈಲಿನಲ್ಲಿ, ಇದೇ ಹೊಗೆಯಲ್ಲಿ ಕಣ್ಣುರಿಸಿಕೊಂಡು ನಾನೇ ತೆಗೆದದ್ದು. ನನ್ನ ಮನೆಯಿಂದ ನನ್ನ ಅಕ್ಕಿ ತಂದದ್ದಕ್ಕೆ ನನ್ನನ್ನೇ ಕಳ್ಳಿ ಎಂದಂತೆ.

ಆ ಪುಟ ನನ್ನದೆಂದು ತೋರಿಸಲು ಒಂದೇ ದಾರಿ: ಪುಟದಲ್ಲಿ ಆ ವೇದಿಕೆಯ ನನ್ನ ಖಾತೆಯ ಹೆಸರು ಬರೆದು ಪ್ರಕಟಿಸಬೇಕು. ಅಂಗಡಿಯ ಊಟದ ಬಿಡುವಿನಲ್ಲೇ ಮಾಡಿದೆ. ಅನ್ನದ ಡಬ್ಬಿ ತೆರೆಯಲೇ ಇಲ್ಲ. ಸಂದೇಶ ಕಳಿಸಿದೆ. ಸಂಜೆಯವರೆಗೆ ಉತ್ತರವಿಲ್ಲ. ಮತ್ತೆ ಕಳಿಸಿದೆ. ಏಳನೆಯ ದಿನ ಬಟವಾಡೆಯ ಗಂಟೆ ಬಂತು, ಹೋಯಿತು. ಎಂಟನೆಯ ದಿನ ಉತ್ತರ: ಸರಿ, ಪುಟ ನಿಮ್ಮದೆಂದು ಗೊತ್ತಾಯಿತು, ಮುಂದೆ ಹೀಗಾಗುವುದಿಲ್ಲ. ಹಿಂದಿನದು? ಏಳು ದಿನ ದಾಟಿದ ಲೇಖನದ ಹಣವನ್ನು ಯಾರೂ ಮರಳಿಸಲಾರರು. ಅವರಲ್ಲಿ ಆ ಅಧಿಕಾರವೇ ಇಲ್ಲ, ಇನ್ನಾರಲ್ಲಿಯೂ ಇಲ್ಲ.

ನನಗೆ ನೋವಾದದ್ದು ಹನ್ನೆರಡು ಡಾಲರ್ ಹೋದದ್ದಕ್ಕಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದಕ್ಕೂ ನೋವಾಯಿತು. ಆದರೆ ಅಂಗಡಿಯಲ್ಲಿ ಒಂದು ರೂಪಾಯಿಯ ಲೆಕ್ಕ ತಪ್ಪಿದರೆ ನಾನು ಚೀಟಿ ಹುಡುಕಿ, ತಪ್ಪು ಹಿಡಿದು, ಆಮೇಲೆ ಮನೆಗೆ ಹೋಗುವವಳು. ಇಲ್ಲಿ ತಪ್ಪು ಸಿಕ್ಕಿತು, ಒಪ್ಪಿಕೊಂಡರು, ಲೆಕ್ಕ ಮಾತ್ರ ಸರಿಯಾಗಲಿಲ್ಲ. ಅಜ್ಜನಿಗೆ ಒಂದು ಕಿಟಕಿ ಇತ್ತು. ನನಗೆ ಕಿಟಕಿಯೇ ಇಲ್ಲ.

ಕಳ್ಳರನ್ನು ಹಿಡಿಯುವುದು ಬೇಡವೇ? ಬೇಕು. ಬೇರೆಯವರ ಫೋಟೊ ಹಾಕಿ ಹಣ ಮಾಡಿದವರನ್ನು ನಾನೇ ಅಲ್ಲಿ ನೋಡಿದ್ದೇನೆ. ಅವರನ್ನು ತಡೆಯದಿದ್ದರೆ ನನ್ನಂಥವರ ಪಾಲಿಗೆ ಚೂರೂ ಉಳಿಯುವುದಿಲ್ಲ. ಆದರೆ ವಿರೋಧದ ವೋಟು ಹಾಕುವ ಮೊದಲು ಒಂದು ಮಾತು ಕೇಳಿ, ಎರಡು ದಿನ ಕಾಯಿರಿ ಎನ್ನುತ್ತೇನೆ.

ರಸ್ತೆ ಮುಗಿಯಿತು. ತೆರಿಗೆಯ ಬಗ್ಗೆ ಬಹಳ ಜನ ಕೇಳಿದ್ದೀರಿ, ಚಿಕ್ಕದಾಗಿ ಹೇಳಿಬಿಡುತ್ತೇನೆ. 2022ರ ಏಪ್ರಿಲ್ 1ರಿಂದ ಇಂಥ ನಾಣ್ಯ ಮಾರಿದ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಸೆಸ್. ಒಂದು ನಾಣ್ಯದಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ. ಅದೇ ವರ್ಷದ ಜುಲೈ 1ರಿಂದ ಮೂಲದಲ್ಲೇ ಶೇ 1 ಕಡಿತವೂ ಬಂತು. ಹದಿನಾಲ್ಕು ತಿಂಗಳಲ್ಲಿ ನಾನು ಒಂದೇ ಸಲ ಮಾರಿದ್ದು, 1,800 ರೂಪಾಯಿಗೆ. 18 ರೂಪಾಯಿ ಅಲ್ಲೇ ಮುರಿದುಕೊಂಡರು. ಇದನ್ನು ನಂಬಿ ಕೆಲಸ ಬಿಡಬೇಡಿ.

ಕುಂದವಾಡ ಕೆರೆ, ಸಂಜೆ. ಊರಿಗೆ ಕುಡಿಯಲು ನೀರು ಕೊಡುವ ಕೆರೆ. ನಡೆಯುವವರು ಎಷ್ಟು ಜನ ನೋಡಿ. ಇಲ್ಲಿ ಕುಳಿತೇ ಆ ವೇದಿಕೆ ಬಿಡುವುದೆಂದು ಒಮ್ಮೆ ತೀರ್ಮಾನಿಸಿದ್ದೆ. ಬಿಡಲಿಲ್ಲ. ಹಣ ಸೊನ್ನೆಯಾದರೂ ಲೇಖನ ಅಳಿಯಲಿಲ್ಲ. ಯಾವ ಮಾಲೀಕನೂ ಒಂದು ಗುಂಡಿ ಒತ್ತಿ ನನ್ನ ಬರಹವನ್ನು ದಾಖಲೆಯಿಂದ ಕಿತ್ತು ಹಾಕಲಾರ. ನಾನದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳುತ್ತಿದ್ದೆ, ಚಾಚಾ ಕೇಳುವವರೆಗೆ.

ಆ ಲೇಖನದಲ್ಲಿ ಚಾಚಾರ ಹೆಸರು ಹಾಕಿದ್ದೆ. ಭಟ್ಟಿಯ ಮಾಲೀಕರ ಹತ್ತಿರ ಅವರು ಪಡೆದ ಮುಂಗಡ ಎಷ್ಟು, ಯಾವುದಕ್ಕೆಂಬುದನ್ನೂ ಬರೆದಿದ್ದೆ. ಚಹಾ ಕುಡಿಯುತ್ತಾ ಅವರೇ ಹೇಳಿದ್ದು. ಹೇಳಿದ್ದು ನನಗೆ, ಊರಿಗಲ್ಲ. ಅವರ ತಂಗಿಯ ಮಗ ಮೊಬೈಲಿನಲ್ಲಿ ಓದಿ ಹೇಳಿದ. ಮರುದಿನ ಚಾಚಾ, "ಬೇಟಿ, ಅದನ್ನು ಅಳಿಸಿಬಿಡು" ಎಂದರು. ಅಂದೇ ತಿದ್ದಿದೆ. ಈಗ ತೆರೆದರೆ ಆ ಸಾಲುಗಳು ಕಾಣುವುದಿಲ್ಲ. ಆದರೆ ಬ್ಲಾಕ್‌ಚೈನಿನಲ್ಲಿ, ಅಂದರೆ ಆ ವೇದಿಕೆಯ ಅಳಿಸಲಾಗದ ದಾಖಲೆಯಲ್ಲಿ, ತಿದ್ದುವ ಮೊದಲಿನ ಪ್ರತಿ ಹಾಗೆಯೇ ಇದೆ, ಹುಡುಕಲು ಬಲ್ಲವರಿಗೆ ಸಿಗುತ್ತದೆ. ಅವರಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಜರಡಿ ಎತ್ತಿಕೊಂಡು ಒಳಗೆ ಹೋದರು. ನನ್ನ ಹಣ ಮರಳದಿದ್ದುದಕ್ಕೂ ಅವರ ಮಾತು ಅಳಿಯದಿದ್ದುದಕ್ಕೂ ಕಾರಣ ಒಂದೇ: ಆದದ್ದನ್ನು ಹಿಂದಕ್ಕೆ ತಿರುಗಿಸುವ ಕೈ ಅಲ್ಲಿ ಯಾರಿಗೂ ಇಲ್ಲ.

ನಾಲ್ಕು ತಿಂಗಳು ನಾನು ಆ ಓಣಿಗೆ ಕಾಲಿಡಲಿಲ್ಲ. ಮೊನ್ನೆ ಧೈರ್ಯ ಮಾಡಿ ಹೋಗಿ, ಒಂದು ವಿಡಿಯೊ ಮಾಡಲೇ ಎಂದು ಕೇಳಿದೆ.

"ಇದನ್ನಾದರೂ ಅಳಿಸುವುದಕ್ಕೆ ಬರುತ್ತದೆಯೇ?" ಎಂದರು.

ಬರುತ್ತದೆ, ನೀವು ಹೇಳಿದ ದಿನವೇ ತೆಗೆಯುತ್ತೇನೆ ಎಂದೆ.

"ಹಾಗಾದರೆ ನಾಳೆ ಬೇಗ ಬಾ. ಮುಖ ಬೇಡ, ಕೈ ತೆಗೆ."