ಅಟ್ಟದಿಂದ ಇಳಿದ ಗೊಂಬೆಗಳು

ಎಲ್ಲರಿಗೂ ನಮಸ್ಕಾರ. ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಆದರೂ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಚಿಕ್ಕ ಅಳತೆಯಲ್ಲಿ ನಾನು ಮಾಡುವ ಗೊಂಬೆಮನೆಗಳ ಬಗ್ಗೆ ಹೇಳಿ ಅಂತ ನನ್ನನ್ನು ಕರೆದಿದ್ದೀರಿ. ಇನ್ನು ಹದಿನೈದು ದಿನಕ್ಕೆ ನವರಾತ್ರಿ. ಗೊಂಬೆ ಕೂರಿಸುವ ಮನೆಗಳಲ್ಲಿ ಈಗ ಅಟ್ಟ ಹತ್ತುವ ಸಮಯ. ಹಾಗಾಗಿ ಅಟ್ಟದ ಮೇಲಿನ ಪೆಟ್ಟಿಗೆಗಳಿಂದಲೇ ಮಾತು ಶುರು ಮಾಡುತ್ತೇನೆ.

ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಎಲ್ಲ ಮನೆಯಲ್ಲೂ ಗೊಂಬೆ ಕೂರಿಸುವ ಪದ್ಧತಿ ಇರಲಿಲ್ಲ. ನಮ್ಮ ಅಜ್ಜಿ ಮೈಸೂರಿನವರು. ಮದುವೆಯಾಗಿ ಘಟ್ಟದ ಮನೆಗೆ ಬರುವಾಗ ಅವರ ತಾಯಿ ಒಂದು ಜೊತೆ ಪಟ್ಟದ ಗೊಂಬೆ ಕೊಟ್ಟು ಕಳಿಸಿದ್ದರು. ರಾಜ, ರಾಣಿ. ರಕ್ತಚಂದನದ್ದು, ಒಂದು ಗೇಣು ಎತ್ತರ. ಅಜ್ಜಿ ಪ್ರತಿ ವರ್ಷ ಅವಕ್ಕೆ ಹೊಸ ಬಟ್ಟೆ ಹೊಲಿದು ಉಡಿಸುತ್ತಿದ್ದರು. ವರ್ಷಕ್ಕೆ ಒಂದಾದರೂ ಹೊಸ ಗೊಂಬೆ ಮನೆಗೆ ಬರಬೇಕು ಅನ್ನುವುದು ಅವರ ಕ್ರಮ. ಸಂಜೆ ಆರತಿಗೆ ಊರ ಮಕ್ಕಳೆಲ್ಲ ಬರುತ್ತಿದ್ದರು. ಬೊಂಬೆ ಬಾಗಿನಕ್ಕೆ ಒಂದು ದಿನ ಉಸಲಿ, ಒಂದು ದಿನ ಕೊಬ್ಬರಿ ಮಿಠಾಯಿ.

ವರ್ಷಕ್ಕೆ ಒಂದು ಅಂದರೆ ಅರವತ್ತು ವರ್ಷಕ್ಕೆ ಎಷ್ಟಾಯಿತು ನೋಡಿ. ಅದರ ಮೇಲೆ ಅಮ್ಮ ಸೇರಿಸಿದ್ದು ಬೇರೆ, ನಾನು ಸೇರಿಸಿದ್ದು ಬೇರೆ. ನಾನು ಎಲ್ಲಿಗೆ ಹೋದರೂ ಅಲ್ಲಿಯ ಗೊಂಬೆ ತರುತ್ತಿದ್ದೆ. ಚನ್ನಪಟ್ಟಣ, ಕಿನ್ನಾಳ, ಆಂಧ್ರದ ಕೊಂಡಪಲ್ಲಿ. ಕೆಲವು ವರ್ಷದ ಹಿಂದೆ ತವರುಮನೆ ಪಾಲಾಯಿತು. ಮನೆ ಕೆಡವಿದರು. ನನ್ನ ಪಾಲಿಗೆ ಆರು ಪೆಟ್ಟಿಗೆ ಗೊಂಬೆ ಬಂತು. ನಾವಿರುವುದು ಶಿವಮೊಗ್ಗದಲ್ಲಿ, ಎರಡು ಕೋಣೆಯ ಮನೆಯಲ್ಲಿ.

ಮೊದಲ ಮಳೆಗಾಲಕ್ಕೆ ನಾನು ದೊಡ್ಡ ತಪ್ಪು ಮಾಡಿದೆ. ತೇವ ತಾಗದಿರಲಿ ಅಂತ ಒಂದೊಂದು ಗೊಂಬೆಯನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಗಂಟು ಹಾಕಿದೆ. ಜೂನ್ ತಿಂಗಳಲ್ಲಿ, ಸುತ್ತ ಗಾಳಿಯಲ್ಲೇ ನೀರಿರುವಾಗ! ಒಳಗೆ ಸಿಕ್ಕಿಕೊಂಡ ತೇವ ಹೊರಗೆ ಹೋಗಲಿಲ್ಲ. ನವರಾತ್ರಿಗೆ ತೆಗೆದಾಗ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಅಜ್ಜಿಯ ಕಾಲದ ಮಣ್ಣಿನ ದಶಾವತಾರದಲ್ಲಿ ನಾಲ್ಕು ಗೊಂಬೆಗಳ ಬಣ್ಣ ಸಿಪ್ಪೆಯ ಹಾಗೆ ಎದ್ದು ಬಂದಿತ್ತು. ವಾಮನನ ಕೊಡೆ ಕೈಯಲ್ಲೇ ಪುಡಿಯಾಯಿತು. ಆ ದಿನ ನಾನು ಊಟ ಮಾಡಲಿಲ್ಲ.

ಆಮೇಲೆ ಗೊಂಬೆ ಮಾಡುವವರ ಹತ್ತಿರ ಕೇಳಿ ಕೇಳಿ ಕಲಿತೆ. ಗೊಂಬೆ ಹೇಗೆ ಹುಟ್ಟಿತು ಅಂತ ಗೊತ್ತಾದರೆ ಅದನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದೂ ಗೊತ್ತಾಗುತ್ತದೆ. ಚನ್ನಪಟ್ಟಣದ ಗೊಂಬೆ ಆಲೆ ಮರದ್ದು. ಮರ ಲೇಥಿನಲ್ಲಿ ತಿರುಗುತ್ತಿರುವಾಗಲೇ ಬಣ್ಣ ಸೇರಿಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆಗರಿ ಹಿಡಿದು ಹೊಳಪು ಕೊಡುತ್ತಾರೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಆದ್ದರಿಂದ ಈ ಗೊಂಬೆಗಳನ್ನು ಸ್ಯಾನಿಟೈಸರ್ ಹಾಕಿ ಒರೆಸಲೇಬೇಡಿ. ಒಣಗಿದ ಹತ್ತಿಬಟ್ಟೆ ಸಾಕು. ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆ ಹಗುರ ಮರದ್ದು. ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿರುತ್ತಾರೆ. ಆ ಅಂಟು ಅಂದರೆ ಹುಳಕ್ಕೆ ಊಟ, ಅಲ್ವಾ? ಹಾಗಾಗಿ ಅವನ್ನು ಗಾಳಿಯಾಡುವ ಜಾಗದಲ್ಲಿ ಇಟ್ಟು ಆಗಾಗ ನೋಡುತ್ತಿರಬೇಕು. ಮೆತ್ತನೆಯ ಪ್ಲಾಸ್ಟಿಕ್ ಗೊಂಬೆಗಳು ಹಳೆಯದಾದಂತೆ ಕೈಗೆ ಜಿಗುಟು ಹತ್ತುತ್ತವೆ. ಅದು ಕೊಳೆಯಲ್ಲ. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಸೇರಿಸಿದ ಎಣ್ಣೆಯಂಥ ಪದಾರ್ಥ ಹೊರಗೆ ಒಸರುವುದು.

ಈಗ ನಾನು ಎಲ್ಲವನ್ನೂ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿ ಇಡುತ್ತೇನೆ. ಮಳೆ ಬಿಟ್ಟ ಮೇಲೆ ಒಂದು ಬಿಸಿಲು ನೋಡಿ ನೆರಳಲ್ಲಿ ಹರಡುತ್ತೇನೆ. ಹಾಗೆ ಹರಡಿದ ಒಂದು ದಿನ ನನಗೆ ಒಂದು ವಿಷಯ ಹೊಳೆಯಿತು. ಆರರಲ್ಲಿ ನಾಲ್ಕು ಪೆಟ್ಟಿಗೆಯ ಗೊಂಬೆಗಳನ್ನು ನಾನು ಕೂರಿಸಿಯೇ ಇರಲಿಲ್ಲ. ನಮ್ಮ ಮನೆಯಲ್ಲಿ ಐದು ಮೆಟ್ಟಿಲಿಗಿಂತ ಜಾಸ್ತಿ ಕಟ್ಟಲು ಜಾಗವಿಲ್ಲ. ಆ ಗೊಂಬೆಗಳ ಮುಖವನ್ನು ಒಂದು ಮಗುವೂ ನೋಡಿಲ್ಲ. ನಾನು ಅವನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಸುಮ್ನೆ ಕತ್ತಲಲ್ಲಿ ಕೂಡಿಹಾಕಿದ್ದೆ.

ಸರಿ, ಕೊಟ್ಟುಬಿಡೋಣ ಅಂತ ಒಂದು ಪೆಟ್ಟಿಗೆಯನ್ನು ಮಕ್ಕಳು ಬರುವ ಒಂದು ಕಡೆ ಕೊಟ್ಟು ಬಂದೆ. ಮರುವರ್ಷ ಹೋಗಿ ನೋಡಿದರೆ ಪೆಟ್ಟಿಗೆ ಉಗ್ರಾಣದಲ್ಲಿ ಸೋರುವ ಹೆಂಚಿನ ಕೆಳಗೆ ಹಾಗೇ ಇತ್ತು. ಕಟ್ಟಿದ ದಾರವನ್ನೂ ಬಿಚ್ಚಿರಲಿಲ್ಲ. ತುಂಬಾ ಬೇಜಾರಾಯಿತು. ಸಿಟ್ಟೂ ಬಂತು. ಮನೆಗೆ ಬಂದು ಯೋಚಿಸಿದಾಗ ಅನಿಸಿತು, ನಾನು ಅವರಿಗೆ ಏನು ಹೇಳಿದ್ದೆ? ಬೇಕಾ ಅಂತ ಕೇಳಿರಲಿಲ್ಲ. ಒಳಗೆ ಏನಿದೆ, ಯಾರು ಮಾಡಿದ್ದು, ಹೇಗೆ ಜೋಡಿಸಬೇಕು, ಒಂದನ್ನೂ ಹೇಳಿರಲಿಲ್ಲ. ಕಥೆ ಗೊತ್ತಿಲ್ಲದವರಿಗೆ ಅದು ಒಂದು ಭಾರದ ಪೆಟ್ಟಿಗೆ ಅಷ್ಟೇ.

ದೆಹಲಿಯಲ್ಲಿ ಶಂಕರ್ ಗೊಂಬೆ ಸಂಗ್ರಹಾಲಯ ಇದೆ. ನಿಮ್ಮಲ್ಲಿ ಕೆಲವರು ನೋಡಿರಬಹುದು. ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೈ ಅವರದು. ಅವರು ಮಕ್ಕಳಿಗೆ ಸ್ಪರ್ಧೆ ನಡೆಸುತ್ತಿದ್ದರು. ಅದರ ಬಹುಮಾನಕ್ಕೆ ಅಂತ ಹಂಗೇರಿಯ ರಾಯಭಾರಿ ಒಂದು ಗೊಂಬೆ ಕೊಟ್ಟರು. ಶಂಕರ್ ಅವರಿಗೆ ಗೊಂಬೆಯ ಹುಚ್ಚು ಹಿಡಿದದ್ದು ಅಲ್ಲಿಂದ. ದೇಶ ದೇಶದ ಗೊಂಬೆ ಕೂಡಿಸಿ, ಊರೂರಿಗೆ ಒಯ್ದು ಮಕ್ಕಳಿಗೆ ತೋರಿಸುತ್ತಿದ್ದರು. ಪ್ರತಿ ಸಲ ಕಟ್ಟಿ ಬಿಚ್ಚುವಾಗ ಗೊಂಬೆಗಳು ಮುರಿಯುತ್ತಿದ್ದವು. ಕೊನೆಗೆ 1965ರಲ್ಲಿ ಅವಕ್ಕೆ ಒಂದು ಖಾಯಂ ಮನೆ ಆಯಿತು. ಒಬ್ಬರ ಕೈಯ ಗೊಂಬೆಗಳು ಎಲ್ಲ ಮಕ್ಕಳದ್ದೂ ಆದವು. ನಮ್ಮಂಥವರಿಗೆ ಅಷ್ಟು ದೊಡ್ಡ ಕೆಲಸ ಆಗುವುದಿಲ್ಲ. ಆದರೆ ದಾರಿ ಅದೇ.

ಇನ್ನು ಚಿಕ್ಕ ಅಳತೆಯ ಕೆಲಸಕ್ಕೆ ಬರುತ್ತೇನೆ. 

ಮನೆ ಕೆಡವಿದ ಮೇಲೆ ನನಗೆ ನಿದ್ದೆಯಲ್ಲಿ ಆ ಮನೆಯ ಜಗುಲಿಯೇ ಬರುತ್ತಿತ್ತು. ಆ ಮನೆಯನ್ನೇ ಚಿಕ್ಕದಾಗಿ ಮಾಡೋಣ ಅಂತ ಒಂದು ದಿನ ರಟ್ಟು, ಕತ್ತರಿ ಹಿಡಿದು ಕೂತೆ. ಗೊಂಬೆಮನೆ ಮಾಡುವವರು ಹೆಚ್ಚಾಗಿ ಹಿಡಿಯುವ ಅಳತೆ ಒಂದಕ್ಕೆ ಹನ್ನೆರಡು. ಅಂದರೆ ಒಂದು ಅಡಿಗೆ ಒಂದು ಇಂಚು. ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿ ರಾಣಿ ಮೇರಿಯ ಗೊಂಬೆಮನೆ ಇದೆ. ಎಡ್ವಿನ್ ಲುಟ್ಯೆನ್ಸ್ ಮಾಡಿಸಿದ್ದು, 1924ರಲ್ಲಿ ಮುಗಿಯಿತು. ಅದೂ ಇದೇ ಅಳತೆಯದ್ದು. ಅದರ ನಲ್ಲಿಯಲ್ಲಿ ನಿಜವಾಗಿ ನೀರು ಬರುತ್ತದೆ, ದೀಪ ಉರಿಯುತ್ತದೆ. ದೆಹಲಿಯಲ್ಲಿ ಈಗಿನ ರಾಷ್ಟ್ರಪತಿ ಭವನದ ವಿನ್ಯಾಸ ಮಾಡಿದ ವಾಸ್ತುಶಿಲ್ಪಿಯೂ ಅದೇ ಲುಟ್ಯೆನ್ಸ್. ಅಷ್ಟು ದೊಡ್ಡದನ್ನು ಕಟ್ಟಿದ ಕೈ ಇಷ್ಟು ಚಿಕ್ಕದಕ್ಕೂ ಕೂತಿತಲ್ಲ ಅಂತ ನನಗೆ ಬಹಳ ಧೈರ್ಯ ಬಂತು.

ನಮಗೆ ಸಾಮಾನು ಹಿತ್ತಲಲ್ಲೇ ಇದೆ. ಅಡಿಕೆ ದಬ್ಬೆಯನ್ನು ಸಣ್ಣಗೆ ಸೀಳಿದರೆ ಚಾವಣಿಯ ರೀಪು, ಪಕಾಸು. ಎಂಟು ಅಡಿಯ ಕಂಬಕ್ಕೆ ಎಂಟು ಇಂಚಿನ ತುಂಡು. ಕೆರೆಯ ಜೇಡಿಮಣ್ಣನ್ನು ಅಚ್ಚಿಗೆ ಒತ್ತಿದರೆ ಹೆಂಚು. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಶುರು ಮಾಡಿದ ಹೆಂಚು ಘಟ್ಟ ಹತ್ತಿ ಬಂದು ನಮ್ಮ ಊರುಗಳ ಮಾಡನ್ನೇ ಬದಲಾಯಿಸಿತು. ಅದೇ ಹೆಂಚು ನನ್ನ ಕೈಯಲ್ಲಿ ಹೆಬ್ಬೆರಳ ತುದಿಯಷ್ಟಾಗುತ್ತದೆ. ಗೊಂಬೆಗೆ, ಹೂವಿಗೆ ಬೆಂಡು ಬಹಳ ಒಳ್ಳೆಯದು. ಸಾಗರ, ಸೊರಬದ ಗುಡಿಗಾರರು ಬಾಸಿಂಗ ಮಾಡುವ ಅದೇ ಬಿಳಿ ಬೆಂಡು. ಬ್ಲೇಡಿಗೆ ಬೆಣ್ಣೆಯ ಹಾಗೆ ಸಿಗುತ್ತದೆ.

ಕಷ್ಟ ಇರುವುದು ಬಟ್ಟೆಯಲ್ಲಿ. ಕಂಬಳಿಯನ್ನು ಚಿಕ್ಕದು ಮಾಡಿ ಕತ್ತರಿಸಬಹುದು, ಆದರೆ ಅದರ ದಪ್ಪ, ಗಡಸು ಚಿಕ್ಕದಾಗುವುದಿಲ್ಲ. ಕಂಬಳಿಕೊಪ್ಪೆ ಹಾಕಿಸಿದರೆ ತಗಡಿನ ಹಾಗೆ ಸೆಟೆದು ನಿಲ್ಲುತ್ತದೆ. ಅದಕ್ಕೆ ತೊಳೆದು ತೊಳೆದು ತೆಳ್ಳಗಾದ ಸೀರೆಯ ತುಂಡು ಬೇಕು. ಗಂಜಿಯಲ್ಲಿ ಅದ್ದಿ, ನೆರಿಗೆ ಕೂರಿಸಿ, ಒಣಗಲು ಬಿಡಬೇಕು. ನೀರೂ ಹಾಗೇ, ಎಷ್ಟು ಚಿಕ್ಕ ಹಂಡೆಗೆ ಹಾಕಿದರೂ ಹನಿಯ ಗಾತ್ರ ಅದೇ. ನಾನು ಅಂಗಳದ ಮಳೆನೀರಿಗೆ ಅಂಟನ್ನೇ ಸುರಿಯುತ್ತೇನೆ. ಮೆಟ್ಟುಗತ್ತಿ, ಮಳೆಗೆ ಹೊದೆಯುವ ಗೊರಬು, ಕಡಗೋಲು ಇವೆಲ್ಲ ಮಾಡುವಾಗ ಒಂದೊಂದಕ್ಕೂ ಒಂದು ವಾರ ಹೋಗುತ್ತದೆ. ಆ ವಾರ ಪೂರ್ತಿ ಅದನ್ನು ಹಿಡಿದಿದ್ದ ಕೈ ನೆನಪಾಗುತ್ತಿರುತ್ತದೆ.

ನನ್ನ ಕೆಲಸ ನೋಡಿ ನಮ್ಮ ಬೀದಿಯ ಹಿರಿಯರೊಬ್ಬರು ಬಂದರು. ಅವರ ಮನೆ ಇದ್ದದ್ದು ಶರಾವತಿ ದಂಡೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರು ಮುಳುಗಿದಾಗ ಅವರಿಗೆ ಹನ್ನೆರಡು ವರ್ಷ. "ತಂಗೀ, ನಮ್ಮನೆ ಒಂದು ಮಾಡಿಕೊಡ್ತೀಯಾ?" ಅಂದರು. ಫೋಟೋ ಇದೆಯಾ ಅಂದೆ. ಇಲ್ಲ. ನಕ್ಷೆ? ಇಲ್ಲ. "ಜಗುಲಿಯಿಂದ ಬಚ್ಚಲಿಗೆ ಹದಿನೆಂಟು ಹೆಜ್ಜೆ. ಅದು ಗೊತ್ತು" ಅಂದರು.

ಹದಿನೆಂಟು ಹೆಜ್ಜೆ ಸರಿ, ಆದರೆ ಅದು ಹುಡುಗನ ಹೆಜ್ಜೆ. ಅವರ ಮೊಮ್ಮಗನಿಗೆ ಈಗ ಹನ್ನೆರಡು. ಅವನನ್ನು ರಸ್ತೆಯಲ್ಲಿ ನಡೆಸಿ ಟೇಪು ಹಿಡಿದೆವು. ಮೂವತ್ತಮೂರು ಅಡಿ ಬಂತು. ನನ್ನ ಅಳತೆಯಲ್ಲಿ ಅದು ಮೂವತ್ತಮೂರು ಇಂಚು, ಮೇಜಿನ ಮೇಲೆ ಹಿಡಿಸುವುದಿಲ್ಲ. ಅದಕ್ಕೆ ಅಡಿಗೆ ಅರ್ಧ ಇಂಚು ಹಿಡಿದೆವು. ಕೊಟ್ಟಿಗೆಗೆ ಅಡಿಕೆ ಸೋಗೆಯ ಮಾಡು, ಮನೆಗೆ ಹೆಂಚು. ಗೋಡೆಗೆ ಕೆಮ್ಮಣ್ಣು. ಅವರು ದೀವರ ಸಮುದಾಯದವರು. ಗೋಡೆಯ ಮೇಲೆ ಅವರ ತಾಯಿ ಬರೆದ ಹಸೆ ಚಿತ್ತಾರ ಇತ್ತು. ಅದನ್ನು ಬರೆಯುವುದು ನನ್ನ ಕೈಲಿ ಆಗುವುದಲ್ಲ. ಅವರ ಹೆಂಡತಿ ಬಂದರು. ಅಕ್ಕಿ ನೆನೆಸಿ ಅರೆದು ಬಿಳಿ ಬಣ್ಣ ಮಾಡಿಕೊಂಡರು. ಪುಂಡಿ ನಾರಿನ ಕುಂಚ ಆ ಗೋಡೆಗೆ ದಪ್ಪವಾಯಿತು. ಅದರಿಂದ ಒಂದೇ ಒಂದು ಎಳೆ ಬಿಡಿಸಿ ತೆಗೆದು, ಆ ಎಳೆಯಲ್ಲೇ ಬರೆದರು. ನಾಲ್ಕು ಇಂಚಿನ ಗೋಡೆಗೆ ಮೂರು ಮಧ್ಯಾಹ್ನ ಹಿಡಿಯಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ಮನೆ ಮುಗಿದ ದಿನ ಆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಬೆರಳ ತುದಿಯನ್ನು ಜಗುಲಿಯ ಮೇಲೆ ಇಟ್ಟು ಬಚ್ಚಲ ತನಕ ನಡೆಸಿದರು. ತಿಂಗಳು ಕಳೆದ ಮೇಲೆ ಮತ್ತೆ ಸಿಕ್ಕರು. ಊರು ಬಿಡುವಾಗ ಗಾಡಿಯಲ್ಲಿ ತಂದು ಇಷ್ಟು ವರ್ಷ ಮಂಚದ ಕೆಳಗೆ ಇಟ್ಟಿದ್ದ ಕೊಳಗ, ಸೇರು, ಮರದ ಮರಿಗೆ ಎಲ್ಲವನ್ನೂ ಒಂದು ಶಾಲೆಗೆ ಕೊಟ್ಟರಂತೆ. ತಾವೇ ಹೋಗಿ ಮಕ್ಕಳಿಗೆ ಭತ್ತ ಅಳೆದು ತೋರಿಸಿದರಂತೆ. "ಮನೆ ಕಣ್ಣೆದುರಿಗೆ ಇದೆಯಲ್ಲ ತಂಗೀ, ಇನ್ನು ಅವೆಲ್ಲ ಯಾಕೆ?" ಅಂದರು. ಬಾಗಿಲ ಬೀಗದ ಕೈ ಮಾತ್ರ ಕೊಟ್ಟಿಲ್ಲ. ಅದು ಇರಲಿ ಅಂತ ನಾನೂ ಹೇಳಿದೆ.

ನನಗೆ ದಾರಿ ಕಂಡದ್ದು ಅವರಿಂದ. ನಾನು ಅಜ್ಜಿಯ ಕಾಲದ ಏಳು ಮೆಟ್ಟಿಲನ್ನೂ ಚಿಕ್ಕದಾಗಿ ಕಟ್ಟಿದೆ. ಒಂಬತ್ತು ಇಂಚಿನ ಗೊಂಬೆ ಮುಕ್ಕಾಲು ಇಂಚಾಯಿತು. ಪ್ರತಿ ಗೊಂಬೆಯನ್ನೂ ಎದುರಿಗೆ ಇಟ್ಟುಕೊಂಡು, ಅದರ ಮುಖ ನೋಡಿ, ಬೆಂಡಿನಲ್ಲಿ ಕೆತ್ತಿದೆ. ಆಗ ಗೊತ್ತಾಯಿತು, ಮೂವತ್ತು ವರ್ಷದಿಂದ ನನ್ನ ಹತ್ತಿರ ಇದ್ದ ಶೆಟ್ಟಮ್ಮನ ಗೊಂಬೆಯ ಮೂಗುತಿ ಯಾವ ಕಡೆಗಿದೆ ಅಂತಲೂ ನಾನು ನೋಡಿರಲಿಲ್ಲ. ಒಂದು ಗೊಂಬೆ ಕೆತ್ತಿ ಮುಗಿದ ಮೇಲೆ ದೊಡ್ಡದನ್ನು ಕೊಡುವುದು ಕಷ್ಟವಾಗಲಿಲ್ಲ. ಎಲ್ಲ ಕೊಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಪಟ್ಟದ ಗೊಂಬೆ ನಮ್ಮಲ್ಲೇ ಇದೆ. ಅದು ಮಗಳಿಗೆ.

ಕೊಡುವಾಗ ಒಂದೆರಡು ಮಾತು ನೆನಪಿಡಿ. ಜೊತೆಯನ್ನು ಒಡೆಯಬೇಡಿ. ದಶಾವತಾರ ಅಂದರೆ ಹತ್ತೂ ಒಂದೇ ಮನೆಗೆ ಹೋಗಲಿ. ಯಾವ ಊರಿನದು, ಯಾರು ತಂದದ್ದು ಅಂತ ಚೀಟಿ ಬರೆದು ಜೊತೆಗಿಡಿ. ಹಳೆ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು, ಬಾಯಿಗೆ ಹಾಕುವ ವಯಸ್ಸಿನ ಮಕ್ಕಳ ಕೈಗೆ ಅಂಥ ಗೊಂಬೆ ಕೊಡಬೇಡಿ. ಪೂರ್ತಿ ಒಡೆದುಹೋದದ್ದನ್ನು ತುಂಗೆಗೆ ಬಿಡಬೇಡಿ, ದಯವಿಟ್ಟು. ಸುಡದ ಮಣ್ಣಾದರೆ ಬಣ್ಣ ಕೆರೆದು ಬಕೆಟ್ಟಿನಲ್ಲಿ ನೆನೆಸಿ. ಅದೇ ಮಣ್ಣಿಂದ ಪುಟ್ಟ ಹೆಂಚು ಒತ್ತಬಹುದು. ವಾಮನನ ಮಣ್ಣು ಈಗ ನನ್ನ ಗೊಂಬೆಮನೆಯ ಮಾಡಿನ ಮೇಲಿದೆ.

ಜಪಾನಿನಲ್ಲಿ ಬೇಡವಾದ ಗೊಂಬೆಗಳನ್ನು ಕಸಕ್ಕೆ ಹಾಕದೆ ದೇವಸ್ಥಾನಕ್ಕೆ ಒಯ್ದು, ಪ್ರಾರ್ಥನೆ ಮಾಡಿಸಿ, ಋಣ ಹೇಳಿ ಬಿಟ್ಟು ಬರುತ್ತಾರೆ. ನಿಂಗ್ಯೋ ಕುಯೋ ಅಂತ ಅದಕ್ಕೆ ಹೆಸರು. ಅದನ್ನು ಓದಿದಾಗ ನನಗೆ ನಮ್ಮ ವಿಜಯದಶಮಿಯ ರಾತ್ರಿ ನೆನಪಾಯಿತು. ಆರತಿ ಎತ್ತಿ, ಹಾಡು ಹೇಳಿ, ಅಜ್ಜಿ ಪಟ್ಟದ ಗೊಂಬೆಯನ್ನು ಮಗುವಿನ ಹಾಗೆ ಮಲಗಿಸುತ್ತಿದ್ದರು. ಆಗ ನಾವು ಮಕ್ಕಳು ಗಟ್ಟಿಯಾಗಿ ಮಾತಾಡುವ ಹಾಗಿರಲಿಲ್ಲ.

ಹೊರಗೆ ಮೇಜಿನ ಮೇಲೆ ಕೊನೆಯ ಪೆಟ್ಟಿಗೆ ಬಿಚ್ಚಿಟ್ಟಿದ್ದೇನೆ. ಅಂಗಡಿ ಇಟ್ಟ ಶೆಟ್ಟರು, ಶೆಟ್ಟಮ್ಮ ಇದ್ದಾರೆ. ಅವರ ಅಕ್ಕಿ, ಬೇಳೆ, ತಕ್ಕಡಿ ಬೇರೆ ಡಬ್ಬಿಯಲ್ಲಿದೆ. ಒಂದು ಮದುವೆ ದಿಬ್ಬಣ ಇದೆ, ಓಲಗದವರಲ್ಲಿ ಒಬ್ಬನ ಕೈ ಅಂಟಿಸಿದ್ದು. ಕಿನ್ನಾಳದ ಗಿಳಿ ಎರಡು. ಈ ವರ್ಷ ಮೊದಲ ಸಲ ಗೊಂಬೆ ಕೂರಿಸುವವರು ಯಾರಾದರೂ ಇದ್ದರೆ ಬನ್ನಿ. ಒಂದೊಂದರ ಕಥೆ ಹೇಳುವುದಕ್ಕೆ ಹತ್ತು ನಿಮಿಷ ಬೇಕು. ನಾನು ಸಂಜೆ ತನಕ ಇಲ್ಲೇ ಇರುತ್ತೇನೆ.