ನೀರು ಕಂಡ ಬಟ್ಟೆ

ಕೇಳುಗರಿಗೆಲ್ಲ ನಮಸ್ಕಾರ.

2020ರ ಮಾರ್ಚ್ 10. ಆ ದಿನ ನಮ್ಮ ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಬಿಟ್ಟು ಅದು ಕೊರೊನಾ ಅಂತ ಖಚಿತವಾಯಿತು. ಇಡೀ ದೇಶದಲ್ಲಿ ಈ ರೋಗದಿಂದ ಆದ ಮೊದಲ ಸಾವು ಅದು. ಅಲ್ಲಿಯತನಕ ಟಿವಿಯಲ್ಲಿ ನೋಡುತ್ತಿದ್ದ ರೋಗ ನಮ್ಮೂರಿಗೇ ಬಂದಿತ್ತು. 22ಕ್ಕೆ ಜನತಾ ಕರ್ಫ್ಯೂ ಆಯಿತು, 25ರಿಂದ ಲಾಕ್‌ಡೌನ್. ಸೂಪರ್ ಮಾರ್ಕೆಟ್ ಅಂತ ಕರೆಯುವ ನಮ್ಮೂರ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯೂ ತೆರೆದಿರಲಿಲ್ಲ.

ನಾನು ಮನೆಯಲ್ಲೇ ಬ್ಲೌಸು, ಚೂಡಿದಾರ ಹೊಲಿಯುವವಳು. ಮದುವೆ ಸೀಸನ್‌ಗೆ ಅಂತ ಬಂದಿದ್ದ ಬ್ಲೌಸ್ ಪೀಸುಗಳು ಗಂಟಿನಲ್ಲೇ ಉಳಿದಿದ್ದವು. ಒಂದು ಸಂಜೆ ನಮ್ಮ ಓಣಿಯ ನರ್ಸ್ ಹುಡುಗಿ ಬಂದು ಗೇಟಿನ ಆಚೆಯೇ ನಿಂತಳು. "ಅಕ್ಕಾ, ಓಟಿ ಡ್ರೆಸ್ ಹೊಲಿತೀರೇನ್ರಿ?" ಅಂತ ಕೇಳಿದಳು.

ಓಟಿ ಡ್ರೆಸ್ ಅಂದರೆ ಸ್ಕ್ರಬ್ಸ್. ಡಾಕ್ಟರು, ನರ್ಸುಗಳು ಹಾಕುವ ಸಡಿಲ ಅಂಗಿ, ಲಾಡಿ ಪೈಜಾಮ. ಆಸ್ಪತ್ರೆಗೆ ಹೋದ ಮೇಲೆ ಹಾಕಿಕೊಂಡು, ಮನೆಗೆ ಬರುವ ಮುಂಚೆ ಬಿಚ್ಚಿಡಬೇಕು. ಮೇಲೆ ಪಿಪಿಇ ಕಿಟ್ ಹಾಕುತ್ತಾರಲ್ಲ, ಅದರ ಒಳಗೆ ಇರುವುದು ಇದೇ. ಕಿಟ್‌ನೊಳಗೆ ಗಾಳಿ ಆಡುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲು ನಿಮಗೆ ಗೊತ್ತೇ ಇದೆ. ಡ್ಯೂಟಿ ಮುಗಿಯುವ ಹೊತ್ತಿಗೆ ಬಟ್ಟೆ ಹಿಂಡಿದರೆ ನೀರು ಬರುತ್ತದೆ ಅಂದಳು. ಅವಳ ಹತ್ತಿರ ಇದ್ದದ್ದು ಎರಡೇ ಜೊತೆ. ಒಂದು ಒಗೆಯಲು ಹೋದರೆ ಇನ್ನೊಂದು ಮೈಮೇಲೆ.

ಆಗ ಮಾಸ್ಕ್ ಹೊಲಿದವರು ಬಹಳ ಜನ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಹಗಲು ರಾತ್ರಿ ಹೊಲಿದರು. ನಾನೂ ಒಂದಷ್ಟು ಹೊಲಿದಿದ್ದೆ. ಇದೇನು ಮಹಾ ಕಷ್ಟ ಅಂದುಕೊಂಡು ಒಪ್ಪಿಕೊಂಡೆ. ಮನೆಯಲ್ಲಿದ್ದ ಹೊಸ ನೀಲಿ ಕಾಟನ್ ಬಟ್ಟೆ ತೆಗೆದೆ. ದೂರ ನಿಂತೇ ಅವಳಿಂದ ಅಳತೆ ಕೇಳಿಕೊಂಡು, ಎರಡು ದಿನದಲ್ಲಿ ಒಂದು ಜೊತೆ ಹೊಲಿದು ಕೊಟ್ಟೆ. ಚೆಂದ ಕೂತಿತ್ತು. ಅವಳೂ ಖುಷಿಯಾದಳು.

ವಾರ ಬಿಟ್ಟು ಬಂದಳು. "ಅಕ್ಕಾ, ಬಿಗಿ ಆಗ್ಯಾದ್ರೀ. ಪೇಷಂಟ್‌ನ ಎಬ್ಬಿಸಿ ಕೂಡಸಬೇಕಂದ್ರ ಕಂಕುಳದಾಗ ಹಿಡಿತದ" ಅಂದಳು. ಬಲಗಡೆ ಕಂಕುಳಿನ ಹೊಲಿಗೆ ಬಿಟ್ಟೇ ಹೋಗಿತ್ತು. ಡ್ಯೂಟಿಯ ನಡುವೆಯೇ ಬಿಟ್ಟಿತ್ತಂತೆ. ಕಿಟ್ ಹಾಕಿಕೊಂಡ ಮೇಲೆ ಒಳಗಿನ ಬಟ್ಟೆ ಸರಿಮಾಡಿಕೊಳ್ಳಲು ಆಗುವುದಿಲ್ಲ, ಅಲ್ವಾ? ಆ ದಿನವೆಲ್ಲ ಹಾಗೇ ಕೆಲಸ ಮಾಡಿದ್ದಳು. ನನಗೆ ಬಹಳ ಸಂಕಟವಾಯಿತು.

ನಮ್ಮ ಅತ್ತೆ ಆ ಅಂಗಿಯನ್ನು ದೂರದಿಂದಲೇ ನೋಡಿದರು. ಅವರು ಕೌದಿ, ಅಂದರೆ ಹಳೇ ಬಟ್ಟೆಯ ತುಂಡು ಜೋಡಿಸಿದ ಹೊದಿಕೆ, ಹೊಲಿದ ಕೈಯವರು. "ಕೌದಿಗೆ ಹೊಸ ಅರಿವಿ ಯಾರ ಹಾಕ್ತಾರವ್ವ? ಮೊದಲ ನೀರಿಗೆ ಹಾಕಬೇಕಿತ್ತಿಲ್ಲ?" ಅಂದರು.

ಅಷ್ಟೇ ಆಗಿದ್ದು. ಹೊಸ ಹತ್ತಿ ಬಟ್ಟೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. ಆಸ್ಪತ್ರೆ ಬಟ್ಟೆ ಒಗೆಯುವುದು 60 ಡಿಗ್ರಿಗಿಂತ ಜಾಸ್ತಿ ಬಿಸಿ ನೀರಿನಲ್ಲಿ. 44 ಇಂಚಿನ ಎದೆಸುತ್ತಿನಲ್ಲಿ ಎರಡು ಇಂಚು ಹೋಯಿತು ಅಂದರೆ ಕೈ ಎತ್ತುವುದು ಹೇಗೆ? ಬ್ಲೌಸನ್ನು ಯಾರೂ ಕುದಿಸುವುದಿಲ್ಲ. ನಾನು ಬ್ಲೌಸಿನ ಲೆಕ್ಕದಲ್ಲೇ ಇದನ್ನೂ ಹೊಲಿದಿದ್ದೆ.

ಮುಂದಿನ ಬಟ್ಟೆಯನ್ನು ಕತ್ತರಿ ಹಾಕುವ ಮುಂಚೆ ಎರಡು ಸಲ ಬಿಸಿ ನೀರಲ್ಲಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿದೆ. ಹೊಸ ಬಟ್ಟೆ ಮುಗಿದ ಮೇಲೆ ಹತ್ತಿಯ ಬೆಡ್‌ಶೀಟುಗಳೇ ಗತಿ. ಡಬಲ್ ಬೆಡ್‌ಶೀಟ್, 90 ಇಂಚು ಅಗಲ 100 ಇಂಚು ಉದ್ದದ್ದು, ಒಂದು ಜೊತೆಗೆ ಸಾಕು. ಓಣಿಯವರು ಬೀರುವಿನಿಂದ ತೆಗೆದು ತಂದುಕೊಟ್ಟರು. ಸೊಲ್ಲಾಪುರದ ಚಾದರ ತಂದವರೂ ಇದ್ದರು ಪಾಪ, ಅದು ದಪ್ಪ, ಬೇಡ ಅನ್ನಬೇಕಾಯಿತು. ನೂರು ಸಲ ಒಗೆದ ಬೆಡ್‌ಶೀಟು ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಕುಗ್ಗುವಷ್ಟು ಮೊದಲೇ ಕುಗ್ಗಿರುತ್ತದೆ, ಬೆವರನ್ನೂ ಹೀರುತ್ತದೆ. ಆದರೆ ಬೆಳಕಿಗೆ ಹಿಡಿದು ನೋಡಬೇಕು. ಸವೆದು ತೆಳುವಾದ ಕಡೆ ಬಿಟ್ಟು ಕತ್ತರಿಸಬೇಕು.

ಕಂಕುಳಿಗೆ ಏನು ಮಾಡುವುದು? ಹಳೇ ಕಾಲದ ಅಂಗಿಗಳಲ್ಲಿ ತೋಳಿನ ಕೆಳಗೆ ಒಂದು ಚೌಕ ತುಂಡು ಇರುತ್ತಿತ್ತು, ನೋಡಿರಬಹುದು. ಅದನ್ನೇ ಕೊಟ್ಟೆ. ಮೂರು ಇಂಚಿನ ತುಂಡು, ಮೂಲೆ ಮೇಲೆ ಬರುವಂತೆ ಓರೆಯಾಗಿ ಇಟ್ಟು. ಹೊಲಿಗೆಯ ಅಂಚನ್ನು ಒಳಗೆ ಮಡಚಿ ಮೇಲೆ ಇನ್ನೊಂದು ಹೊಲಿಗೆ ಹಾಕಿದೆ. ಅಂಚು ಬಿಟ್ಟರೆ ಕುದಿನೀರಿಗೆ ನೂಲು ಬಿಚ್ಚುತ್ತದೆ, ಬೆವರಿದ ಮೈಗೆ ಉಜ್ಜಿ ಗಾಯವೂ ಆಗುತ್ತದೆ. ಕೊರಳು ವಿ ಆಕಾರ, ಗುಂಡಿ ಇಲ್ಲ, ತಲೆಯಿಂದ ಹಾಕಿಕೊಳ್ಳುವುದು. ಮೊದಲಿನ ಜೊತೆಗೆ ಎರಡು ದಿನ ಬೇಕಾಗಿತ್ತು. ಕಾಗದದ ಕಟಿಂಗ್ ಮಾಡಿಟ್ಟುಕೊಂಡ ಮೇಲೆ ಒಂದು ಮಧ್ಯಾಹ್ನ ಸಾಕಾಯಿತು. ಕಾಲಲ್ಲಿ ತುಳಿಯುವ ಮಷಿನ್ ಇದ್ದದ್ದರಿಂದ ಕರೆಂಟ್ ಹೋದರೂ ಕೆಲಸ ನಿಲ್ಲಲಿಲ್ಲ.

ಬಣ್ಣ ಹಸಿರು, ನೀಲಿ ಯಾಕೆ ಅಂತ ನನ್ನ ಮಗಳು ಕೇಳಿದಳು. ಆಪರೇಷನ್ ಮಾಡುವವರು ಕೆಂಪನ್ನೇ ನೋಡಿ ನೋಡಿ ಬಿಳಿ ಬಟ್ಟೆ ನೋಡಿದರೆ ಕಣ್ಣಿಗೆ ಹಸಿರು ನೆರಳು ಕಾಣುತ್ತದೆ. ಹಸಿರು, ನೀಲಿ ಬಟ್ಟೆಯಾದರೆ ಆ ತೊಂದರೆ ಕಡಿಮೆ, ಕಣ್ಣಿಗೂ ತಂಪು. ವಾರ್ಡಿನ ಕೆಲಸಕ್ಕೆ ಹೂವಿನ ಬೆಡ್‌ಶೀಟಾದರೂ ನಡೆಯುತ್ತದೆ ಅಂದಳು ನಮ್ಮ ನರ್ಸ್. ಅದೇ ವರ್ಷ ಇಂಗ್ಲೆಂಡಿನಲ್ಲೂ ಸಾವಿರಾರು ಮಂದಿ ಮನೆಯ ಚಾದರ, ಹಾಸಿಗೆ ಹೊದಿಕೆಗಳಿಂದಲೇ ಸ್ಕ್ರಬ್ಸ್ ಹೊಲಿದರು. ದಿಂಬಿನ ಕವರಿಗೆ ಲಾಡಿ ಹಾಕಿ ಚೀಲ ಮಾಡಿದರು. ತೊಟ್ಟ ಬಟ್ಟೆಯನ್ನು ಚೀಲದ ಸಮೇತ ಒಗೆಯಲು ಹಾಕುವುದು, ಮತ್ತೆ ಕೈಯಲ್ಲಿ ಮುಟ್ಟುವುದೇ ಬೇಡ. ನನಗೆ ಬಹಳ ಹಿಡಿಸಿತು. ಒಂದೊಂದು ಜೊತೆಗೆ ಒಂದೊಂದು ಚೀಲ ನಾನೂ ಕೊಟ್ಟೆ.

ಒಂದು ಮಾತು ಖಂಡಿತ ಹೇಳಬೇಕು. ಈ ಬಟ್ಟೆ ರೋಗ ತಡೆಯುವುದಿಲ್ಲ. ತಡೆಯಬೇಕಾದದ್ದು ಮೇಲಿನ ಕಿಟ್ಟು, ಆಸ್ಪತ್ರೆಯ ಮಾಸ್ಕು, ಗ್ಲೌಸು. ಅವು ಮನೆಯಲ್ಲಿ ಹೊಲಿಯುವಂಥವಲ್ಲ. ಹಾಗಾಗಿ ಯಾರಿಗಾದರೂ ಹೊಲಿದು ಕೊಡುವ ಮುಂಚೆ, ಅವರ ಆಸ್ಪತ್ರೆಯಲ್ಲಿ ಯಾವ ಬಟ್ಟೆ, ಯಾವ ಬಣ್ಣ ನಡೆಯುತ್ತದೆ ಅಂತ ಕೇಳಿಯೇ ಕತ್ತರಿ ಹಿಡಿಯಿರಿ.

2021ರ ಎರಡನೇ ಅಲೆಯೂ ಕಳೆಯಿತು. ಆಮೇಲೆ ಒಂದು ದಿನ ಆ ಹುಡುಗಿ ಕುದಿಸಿ ಒಗೆದ ಒಂದು ಅಂಗಿ ತಂದುಕೊಟ್ಟಳು. ಈ ಸಲ ಒಳಗೆ ಬಂದು ಕೂತು ಚಹಾ ಕುಡಿದಳು. ಪೆನ್ನು ಚುಚ್ಚಿ ಚುಚ್ಚಿ ಜೇಬಿನ ಅಂಚು ಹರಿದಿತ್ತು. ನೀಲಿ ಬಣ್ಣ ಬೂದಿಯಾಗಿತ್ತು. ನಾನು ಮೊದಲು ಕಂಕುಳು ನೋಡಿದೆ. ಚೌಕ ತುಂಡು ಹಾಗೇ ಇತ್ತು, ಒಂದು ಎಳೆಯೂ ಬಿಟ್ಟಿರಲಿಲ್ಲ.

ಅತ್ತೆ ಅದನ್ನು ಕೈಯಲ್ಲಿ ಉಜ್ಜಿ ನೋಡಿ, "ಈಗ ಇದು ಕೌದಿಗೆ ಬಂತು" ಅಂದರು.

ನಮಸ್ಕಾರ.