ಬಲೆ ಬೀಸಿದವರು, ಬಿದ್ದವರು ಮತ್ತು ಟಿಕೆಟ್ ಕೊಂಡವರು

ಎಲ್ಲರಿಗೂ ನಮಸ್ಕಾರ.

ಫುಟ್‌ಬಾಲ್ ಲೋಕದಲ್ಲಿ ಕುಟುಕು ಕಾರ್ಯಾಚರಣೆಯೊಂದು ಹೊರಬಿದ್ದ ಮರುದಿನ ಅಭಿಮಾನಿಗಳ ನಡುವೆ ಒಂದು ಜಗಳ ಹತ್ತಿಕೊಳ್ಳುತ್ತದೆ. ಇವತ್ತು ನಾನು ಮಾತಾಡುವುದು ಆ ಜಗಳದ ಬಗ್ಗೆ. ಭ್ರಷ್ಟಾಚಾರ ಕೆಟ್ಟದ್ದು ಅಂತ ಹೇಳುವುದಕ್ಕೆ ನನ್ನನ್ನು ಕರೆಯಬೇಕಿರಲಿಲ್ಲ. ಆದರೆ ಆ ಜಗಳವನ್ನು ನಾವು ಎಷ್ಟು ಕೆಟ್ಟದಾಗಿ ಆಡುತ್ತೇವೆ ಅನ್ನುವುದು ಗಮನಿಸುವಂಥದ್ದು. ಸಿಕ್ಕಿಬಿದ್ದವನು ಎದುರಾಳಿ ಕ್ಲಬ್ಬಿನವನಾದರೆ ಪತ್ರಕರ್ತ ಹೀರೊ. ನಮ್ಮವನಾದರೆ ಅದೇ ಪತ್ರಕರ್ತ ಮೋಸಗಾರ. ವಿಡಿಯೊದಲ್ಲಿ ಏನಿದೆ ಅಂತ ನೋಡುವುದು ಆಮೇಲಿನ ಮಾತು.

2010ರ ಕಥೆಯಿಂದ ಶುರು ಮಾಡೋಣ. 2018 ಮತ್ತು 2022ರ ವಿಶ್ವಕಪ್ ಎಲ್ಲಿ ನಡೆಯಬೇಕು ಅಂತ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಕಾರ್ಯಕಾರಿ ಸಮಿತಿಯ 24 ಜನ ಮತ ಹಾಕಬೇಕಿತ್ತು. ಅಕ್ಟೋಬರ್‌ನಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆಯ ವರದಿಗಾರರು ಅಮೆರಿಕದ ಕಂಪನಿಗಳ ಪರವಾಗಿ ಲಾಬಿ ಮಾಡುವವರ ವೇಷದಲ್ಲಿ ಕೆಲವು ಸದಸ್ಯರನ್ನು ಭೇಟಿಯಾದರು. ನೈಜೀರಿಯದ ಅಮೋಸ್ ಅದಾಮು ನಾಲ್ಕು ಕೃತಕ ಹುಲ್ಲಿನ ಮೈದಾನ ಮಾಡಿಸಲು 8 ಲಕ್ಷ ಡಾಲರ್ ಕೇಳಿದರು. ದುಡ್ಡು ಯಾರ ಕೈಗೆ ಅಂದರೆ ನೇರ ತನಗೇ ಅಂದರು. ಟಹೀಟಿಯ ರೆನಾಲ್ಡ್ ತೆಮಾರಿ ಆಕ್ಲೆಂಡಿನಲ್ಲಿ ಕ್ರೀಡಾ ಅಕಾಡೆಮಿಗೆ ನೆರವು ಬೇಕು ಅಂದರು. ಫಿಫಾ ಇಬ್ಬರನ್ನೂ ಅಮಾನತು ಮಾಡಿತು. ಅದಾಮು ಅವರಿಗೆ ಮೂರು ವರ್ಷ, ತೆಮಾರಿ ಅವರಿಗೆ ಒಂದು ವರ್ಷ ನಿಷೇಧ. ಮತ ಹಾಕಲು ಉಳಿದವರು 22.

ಮತದಾನಕ್ಕೆ ಮೂರು ದಿನ ಇದೆ ಅನ್ನುವಾಗ ಬಿಬಿಸಿಯ ಪನೋರಮಾ ಕಾರ್ಯಕ್ರಮ ಇನ್ನೂ ಕೆಲವು ಸದಸ್ಯರ ಹಳೆಯ ಲಂಚದ ಲೆಕ್ಕ ಬಿಚ್ಚಿಟ್ಟಿತು. 2018ರ ವಿಶ್ವಕಪ್ ತಮಗೇ ಬೇಕು ಅಂತ ಇಂಗ್ಲೆಂಡ್ ಟೊಂಕ ಕಟ್ಟಿ ನಿಂತ ಹೊತ್ತು ಅದು. ಪ್ರಧಾನಿ ಕ್ಯಾಮರೂನ್, ರಾಜಕುಮಾರ ವಿಲಿಯಂ, ಬೆಕಮ್ ಎಲ್ಲರೂ ಜ್ಯೂರಿಕ್‌ನಲ್ಲಿದ್ದರು. ಡಿಸೆಂಬರ್ 2ರಂದು ಇಂಗ್ಲೆಂಡಿಗೆ ಬಿದ್ದದ್ದು ಎರಡು ಮತ, ಅದರಲ್ಲೊಂದು ಅವರದೇ ಪ್ರತಿನಿಧಿಯದು. ಮೊದಲ ಸುತ್ತಿನಲ್ಲೇ ಔಟ್. ರಷ್ಯಾ ಗೆದ್ದಿತು, 2022 ಕತಾರ್‌ಗೆ ಹೋಯಿತು.

ಇಂಗ್ಲೆಂಡಿನ ಅಭಿಮಾನಿಗಳಲ್ಲಿ ಎಷ್ಟೋ ಜನ ಆಗ ಬೈದದ್ದು ಯಾರನ್ನು? ಫಿಫಾವನ್ನಲ್ಲ, ತಮ್ಮದೇ ಪತ್ರಿಕೆಗಳನ್ನು. ಬಾಯಿ ಮುಚ್ಚಿಕೊಂಡಿದ್ದರೆ ಕಪ್ ನಮಗೆ ಬರುತ್ತಿತ್ತು, ದೇಶದ್ರೋಹಿಗಳು ಅಂತ. ಈ ವಾದದ ಒಳಗೆ ಏನಿದೆ ನೋಡಿ. ಮತ ಹಾಕುವವರು ಲಂಚಕೋರರು ಅನ್ನುವುದನ್ನು ವಾದಿಸುವವರೇ ಒಪ್ಪಿಕೊಂಡಿದ್ದಾರೆ. ಅದನ್ನು ಬಹಿರಂಗವಾಗಿ ಹೇಳಿದ್ದಷ್ಟೇ ತಪ್ಪು ಅನ್ನುತ್ತಿದ್ದಾರೆ. ಸರ್ಕಾರಿ ಕಚೇರಿಯಲ್ಲಿ ಕೆಲಸ ಆಗಬೇಕಾದವನು ಲೋಕಾಯುಕ್ತಕ್ಕೆ ದೂರು ಕೊಟ್ಟ ಪಕ್ಕದವನ ಮೇಲೆ ಸಿಡುಕುತ್ತಾನಲ್ಲ, ಹಾಗೆ. ಆ 22 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮುಂದೆ ನಿಷೇಧಕ್ಕೋ ದೋಷಾರೋಪಕ್ಕೋ ತನಿಖೆಗೋ ಒಳಗಾದರು. 2015ರ ಮೇ 27ರ ಬೆಳಗ್ಗೆ ಜ್ಯೂರಿಕ್‌ನ ಬೋರ್ ಓ ಲಾಕ್ ಹೋಟೆಲಿನಲ್ಲಿ ಸ್ವಿಸ್ ಪೊಲೀಸರು ಫುಟ್‌ಬಾಲ್ ಅಧಿಕಾರಿಗಳನ್ನು ಕೋಣೆಯಿಂದ ಎಬ್ಬಿಸಿ ಕರೆದೊಯ್ದ ಮೇಲೆ, ದೇಶದ್ರೋಹದ ಮಾತಾಡಿದವರು ಮೆಲ್ಲಗೆ ಸ್ವರ ಬದಲಿಸಿದರು.

ಹಾಗಂತ ಮಾರುವೇಷ ಹಾಕಿದವರೆಲ್ಲ ಸಾಚಾ ಅಂದುಕೊಳ್ಳಬೇಡಿ. ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆಯ ಮಜರ್ ಮಹಮೂದ್, 'ನಕಲಿ ಶೇಖ್' ಅಂತಲೇ ಪ್ರಸಿದ್ಧರಾದವರು, ಈ ವಿಷಯದಲ್ಲಿ ಒಂದು ಪಾಠವಿದ್ದಂತೆ. 1998ರಲ್ಲಿ ಅವರು ಅರಬ್ ಶ್ರೀಮಂತನ ವೇಷದಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ಕ್ಲಬ್ಬಿನ ನಿರ್ದೇಶಕರಾದ ಫ್ರೆಡ್ಡಿ ಶೆಫರ್ಡ್ ಮತ್ತು ಡಗ್ಲಸ್ ಹಾಲ್ ಅವರನ್ನು ಸ್ಪೇನಿನ ಮಾರ್ಬೆಯಾದಲ್ಲಿ ಮಾತಿಗೆಳೆದರು. ಅವರು ಯಾರಿಂದಲೂ ಒಂದು ಪೈಸೆ ಲಂಚ ತೆಗೆದುಕೊಳ್ಳಲಿಲ್ಲ. ಕಾನೂನಿನ ಕಣ್ಣಲ್ಲಿ ಅಪರಾಧವೇ ಇಲ್ಲ. ಆದರೆ ಕುಡಿದ ಅಮಲಿನಲ್ಲಿ ಮನಸ್ಸು ಬಿಚ್ಚಿದರು. 5 ಪೌಂಡಿಗೆ ತಯಾರಾಗುವ ಜೆರ್ಸಿಯನ್ನು ಅಭಿಮಾನಿಗಳಿಗೆ 50 ಪೌಂಡಿಗೆ ಮಾರುತ್ತೇವೆ ಅಂತ ನಕ್ಕರು. ನ್ಯೂಕ್ಯಾಸಲ್ ಹೆಂಗಸರನ್ನು ನಾಯಿಗಳು ಅಂದರು. ಊರಿನ ಆರಾಧ್ಯದೈವವಾದ ಆಟಗಾರ ಅಲನ್ ಷಿಯರರ್ ಅವರನ್ನು ಮಕ್ಕಳ ಕಥೆಯ ಅಚ್ಚುಕಟ್ಟಿನ ದಾದಿ 'ಮೇರಿ ಪಾಪಿನ್ಸ್' ಅಂತ ಗೇಲಿ ಮಾಡಿದರು.

ಇಡೀ ಊರು ಉರಿದು ಬಿತ್ತು. ಇಬ್ಬರೂ ರಾಜೀನಾಮೆ ಕೊಟ್ಟರು. ವರ್ಷ ತುಂಬುವ ಮೊದಲೇ ಇಬ್ಬರೂ ವಾಪಸ್ ಬಂದು ಕುರ್ಚಿಯಲ್ಲಿ ಕೂತರು, ಯಾಕೆಂದರೆ ಷೇರುಗಳು ಅವರ ಹೆಸರಿನಲ್ಲೇ ಇದ್ದವು. ಜೆರ್ಸಿ ಕೊಂಡವನ ಕೈಯಲ್ಲಿ ಜೆರ್ಸಿ ಬಿಟ್ಟು ಇನ್ನೇನೂ ಇರಲಿಲ್ಲ. ಪತ್ರಿಕೆಯ ಮುಖಪುಟ ಒಬ್ಬ ಮಾಲೀಕನನ್ನು ನಾಚಿಸಬಹುದು, ಅವನ ಮಾಲೀಕತ್ವವನ್ನು ಕಿತ್ತುಕೊಳ್ಳಲಾರದು.

ಅದೇ ಮಹಮೂದ್ 2006ರ ಜನವರಿಯಲ್ಲಿ ದುಬೈನಲ್ಲಿ ಇಂಗ್ಲೆಂಡ್ ತಂಡದ ಕೋಚ್ ಸ್ವೆನ್ ಗೋರನ್ ಎರಿಕ್ಸನ್ ಅವರನ್ನು ಬಲೆಗೆ ಕೆಡವಿದರು. ವಿಶ್ವಕಪ್ ಆದಮೇಲೆ ಇಂಗ್ಲೆಂಡ್ ಬಿಟ್ಟು ಆಸ್ಟನ್ ವಿಲ್ಲಾ ಕ್ಲಬ್ಬಿಗೆ ಬರುತ್ತೀರಾ ಅಂತ ಆಸೆ ತೋರಿಸಿದರು. ನೌಕರಿಯಲ್ಲಿರುವ ಮನುಷ್ಯ ಇನ್ನೊಂದು ನೌಕರಿಯ ಮಾತಾಡುವುದು ಭ್ರಷ್ಟಾಚಾರವೇ? ನನ್ನ ಮಟ್ಟಿಗೆ ಅದು ಬರೀ ಚಾಡಿ. ಆದರೂ ಕೆಲವೇ ದಿನಗಳಲ್ಲಿ ಎರಿಕ್ಸನ್ ವಿಶ್ವಕಪ್ ನಂತರ ಹೊರಡುತ್ತಾರೆ ಅನ್ನುವ ಪ್ರಕಟಣೆ ಬಂತು. 2010ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಪಾಕಿಸ್ತಾನದ ಬೌಲರ್‌ಗಳು ದುಡ್ಡಿಗಾಗಿ ನೋ ಬಾಲ್ ಹಾಕಿದ್ದನ್ನು ಹೊರಗೆಳೆದದ್ದೂ ಇದೇ ಮನುಷ್ಯ. ಅದು ನಿಜವಾದ ಪತ್ರಿಕೋದ್ಯಮ, ಆಟಗಾರರು ಜೈಲಿಗೂ ಹೋದರು. ಕೊನೆಗೆ 2016ರ ಅಕ್ಟೋಬರ್‌ನಲ್ಲಿ, ಗಾಯಕಿಯೊಬ್ಬರ ಪ್ರಕರಣದಲ್ಲಿ ತನ್ನ ಡ್ರೈವರ್ ಕೊಟ್ಟ ಹೇಳಿಕೆಯನ್ನು ಬದಲಾಯಿಸುವ ಸಂಚಿನಲ್ಲಿ ಭಾಗಿಯಾಗಿದ್ದಕ್ಕೆ, ಮಹಮೂದ್ ಅವರೇ 15 ತಿಂಗಳ ಸಜೆಗೆ ಒಳಗಾದರು. ನಮ್ಮಲ್ಲಿ ಇದಕ್ಕಿಂತ ಕ್ರೂರವಾದದ್ದೂ ನಡೆದಿದೆ. 2007ರಲ್ಲಿ ದೆಹಲಿಯ ಟಿವಿ ವಾಹಿನಿಯೊಂದು ಶಾಲಾ ಶಿಕ್ಷಕಿಯ ಮೇಲೆ ಸುಳ್ಳು ಕುಟುಕು ಕಾರ್ಯಾಚರಣೆ ಪ್ರಸಾರ ಮಾಡಿ, ಗುಂಪು ಆಕೆಯ ಮೇಲೆ ಬಿದ್ದು ಬಟ್ಟೆ ಹರಿದಿತ್ತು.

ಹಾಗಾದರೆ ಯಾವುದನ್ನು ನಂಬುವುದು? ನ್ಯಾಯಾಲಯಗಳು ಬಹಳ ಹಿಂದೆಯೇ ಈ ತಲೆಬಿಸಿ ಅನುಭವಿಸಿವೆ. ಆಗ ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2001ರ ಲೂಸ್ಲಿ ತೀರ್ಪಿನಲ್ಲಿ ಒಂದು ಗೆರೆ ಎಳೆಯಿತು. ಯಾರಾದರೂ ಬಂದರೆ ಅಪರಾಧ ಮಾಡಲು ಕಾದು ಕೂತವನಿಗೆ ಒಂದು ಅವಕಾಶ ಒದಗಿಸುವುದು ಬೇರೆ, ಸುಮ್ಮನಿದ್ದವನನ್ನು ಪುಸಲಾಯಿಸಿ ಅಪರಾಧಕ್ಕೆ ಇಳಿಸುವುದು ಬೇರೆ. ಆ ತೀರ್ಪು ಪೊಲೀಸರ ಬಲೆಯ ಬಗ್ಗೆ. ಆದರೂ ಅಭಿಮಾನಿಗಳಾದ ನಮಗೆ ಇಷ್ಟು ಸಾಕು: ದುಡ್ಡಿನ ಮಾತು ಮೊದಲು ಎತ್ತಿದವರು ಯಾರು? ಬೇಡ ಅಂದವನನ್ನು ಎಷ್ಟು ಸಲ ಕೇಳಿದರು?

ಈ ಪ್ರಶ್ನೆ ಇಟ್ಟುಕೊಂಡು ಸ್ಯಾಮ್ ಅಲರ್ಡೈಸ್ ಪ್ರಕರಣ ನೋಡಿ. 2016ರಲ್ಲಿ ಇಂಗ್ಲೆಂಡ್ ತಂಡದ ಮ್ಯಾನೇಜರ್ ಆಗಿ 67 ದಿನ, ಆಡಿಸಿದ್ದು ಒಂದೇ ಪಂದ್ಯ. ಸ್ಲೊವಾಕಿಯಾ ವಿರುದ್ಧ ಕೊನೇ ಗಳಿಗೆಯಲ್ಲಿ ಲಲಾನಾ ಗೋಲು ಹೊಡೆದು ಗೆದ್ದರು. ಡೈಲಿ ಟೆಲಿಗ್ರಾಫ್ ವರದಿಗಾರರು ಪೂರ್ವ ಏಷ್ಯಾದ ಹೂಡಿಕೆದಾರರ ಪ್ರತಿನಿಧಿಗಳಾಗಿ ಬಂದು, ಭಾಷಣ ಮತ್ತು ಸಲಹೆಗೆ 4 ಲಕ್ಷ ಪೌಂಡ್ ಅಂದರು. ವರ್ಷಕ್ಕೆ 30 ಲಕ್ಷ ಪೌಂಡ್ ಸಂಬಳ ಇರುವ ಮನುಷ್ಯ ಕಿವಿ ನಿಮಿರಿಸಿದರು. ಆಟಗಾರರ ಮೇಲೆ ಹೊರಗಿನ ಕಂಪನಿಗಳು ಹಕ್ಕು ಹೊಂದಬಾರದು ಅನ್ನುವ ನಿಯಮದ ಸಂದುಗಳ ಬಗ್ಗೆ ಧಾರಾಳವಾಗಿ ಮಾತಾಡಿದರು. ಹಿಂದಿನ ಮ್ಯಾನೇಜರ್ ರಾಯ್ ಹಾಜ್ಸನ್ ಮಾತಾಡುವ ಶೈಲಿಯನ್ನು ಅಣಕಿಸಿದರು.

ಆದರೆ ಅದೇ ಸಂಭಾಷಣೆಯಲ್ಲಿ ಇನ್ನೊಂದು ಸಾಲೂ ಇದೆ. ಇಂಥ ಕೆಲಸ ಒಪ್ಪಿಕೊಳ್ಳುವ ಮೊದಲು ಮೇಲಿನವರನ್ನು ಕೇಳಬೇಕಾಗುತ್ತದೆ ಅಂತಲೂ ಅವರು ಹೇಳಿದ್ದರು. ತಲೆಬರಹಗಳಲ್ಲಿ ಆ ಸಾಲಿಗೆ ಜಾಗ ಸಿಗಲಿಲ್ಲ. ಅವರ ಮೇಲೆ ಪೊಲೀಸ್ ತನಿಖೆ ನಡೆಯಲಿಲ್ಲ. ಹೋಗುವಾಗ, ಬಲೆ ಬೀಸುವವರೇ ಗೆದ್ದರು ಅಂತ ಹೇಳಿ ಹೋದರು. ಕೆಲಸ ಹೋದದ್ದು ಸರಿಯೇ ಅಂತ ಕೇಳಿದರೆ ನಾನು ಸರಿ ಅನ್ನುತ್ತೇನೆ. ರಾಷ್ಟ್ರೀಯ ತಂಡದ ಮ್ಯಾನೇಜರ್ ನಿಯಮ ತಪ್ಪಿಸುವ ದಾರಿಯನ್ನು ಅಪರಿಚಿತರಿಗೆ ಹೇಳಿಕೊಡಬಾರದು. ಭ್ರಷ್ಟ ಅಂತ ಕರೆದದ್ದು ಮಾತ್ರ ಅತಿಯಾಯಿತು. ಅದೇ ಸರಣಿಯಲ್ಲಿ ಬಾರ್ನ್ಸ್ಲಿ ಕ್ಲಬ್ಬಿನ ಸಹಾಯಕ ಕೋಚ್ ಟಾಮಿ ರೈಟ್ 5,000 ಪೌಂಡ್ ತೆಗೆದುಕೊಂಡದ್ದು ನ್ಯಾಯಾಲಯದಲ್ಲಿ ಸಾಬೀತಾಯಿತು. ಅದು 2019ರ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಅಲರ್ಡೈಸ್ ಹೆಸರು ಹಿಡಿದು ವಾರಗಟ್ಟಲೆ ಜಗಳವಾಡಿದ ಎಷ್ಟು ಜನರಿಗೆ ರೈಟ್ ನೆನಪಿದ್ದರೋ!

ಈಗ ಘಾನಾಗೆ ಬನ್ನಿ. ನಿಜ ಹೇಳಬೇಕೆಂದರೆ ಈ ಉಪನ್ಯಾಸಕ್ಕೆ ನಾನು ಒಪ್ಪಿಕೊಂಡದ್ದೇ ಘಾನಾ ಬಗ್ಗೆ ಹೇಳುವುದಕ್ಕೆ. ಅಲ್ಲಿ ಅನಸ್ ಅರೆಮೆಯಾವ್ ಅನಸ್ ಅಂತ ಒಬ್ಬ ಪತ್ರಕರ್ತರಿದ್ದಾರೆ. ಸಾರ್ವಜನಿಕವಾಗಿ ಕಾಣಿಸಿಕೊಳ್ಳುವಾಗ ಟೋಪಿಯಿಂದ ಇಳಿಬಿಟ್ಟ ಮಣಿಸರಗಳ ಪರದೆ ಮುಖವನ್ನು ಮುಚ್ಚಿರುತ್ತದೆ. 2018ರ ಜೂನ್ 6ರಂದು ರಾಜಧಾನಿ ಅಕ್ರಾದ ಸಮ್ಮೇಳನ ಭವನದಲ್ಲಿ ಅವರ 'ನಂಬರ್ 12' ಸಾಕ್ಷ್ಯಚಿತ್ರ ತೋರಿಸಿದರು. ನೋಡಲು ಜನ ಸಾಲುಗಟ್ಟಿ ನಿಂತಿದ್ದರು. ಪರದೆಯ ಮೇಲೆ ಒಬ್ಬರಾದ ಮೇಲೆ ಒಬ್ಬರಂತೆ ರೆಫರಿಗಳು, ಅಧಿಕಾರಿಗಳು ನೋಟು ತೆಗೆದುಕೊಳ್ಳುತ್ತಿದ್ದಾರೆ. ಬರೀ 100 ಡಾಲರ್, 200 ಡಾಲರ್‌ನ ವ್ಯವಹಾರ. ನಮ್ಮ ಭಾಷೆಯಲ್ಲಿ ಮಾಮೂಲಿ. ಕೀನ್ಯಾದ ಆಡೆನ್ ರೇಂಜ್ ಮರ್ವಾ ಅನ್ನುವ ಸಹಾಯಕ ರೆಫರಿ 600 ಡಾಲರ್ ತೆಗೆದುಕೊಂಡದ್ದು ಚಿತ್ರದಲ್ಲಿತ್ತು. ಅವರು ರಷ್ಯಾ ವಿಶ್ವಕಪ್‌ಗೆ ಆಯ್ಕೆಯಾಗಿದ್ದವರು. 600 ಡಾಲರಿಗೆ ವಿಶ್ವಕಪ್ ಕಳೆದುಕೊಂಡರು.

ಘಾನಾ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಕ್ವೇಸಿ ನ್ಯಾಂಟಾಕಿ ಹೋಟೆಲ್ ಕೋಣೆಯಲ್ಲಿ 65,000 ಡಾಲರ್ ನೋಟಿನ ಕಟ್ಟುಗಳನ್ನು ಕಪ್ಪು ಪ್ಲಾಸ್ಟಿಕ್ ಕವರಿಗೆ ತುಂಬಿಕೊಳ್ಳುತ್ತಾರೆ. ಶಾಪಿಂಗ್ ಖರ್ಚಿಗೆ ಅಂತ ಕೊಟ್ಟದ್ದು. ಅವರು ಆಗ ಫಿಫಾ ಕೌನ್ಸಿಲ್ ಸದಸ್ಯರೂ ಹೌದು. ಎರಡು ದಿನದಲ್ಲಿ ರಾಜೀನಾಮೆ, ಅಕ್ಟೋಬರ್‌ನಲ್ಲಿ ಫಿಫಾದಿಂದ ಆಜೀವ ನಿಷೇಧ. ಮುಂದೆ ಕ್ರೀಡಾ ನ್ಯಾಯಮಂಡಳಿ ಅದನ್ನು 15 ವರ್ಷಕ್ಕೆ ಇಳಿಸಿತು.

ಘಾನಾದ ಅಭಿಮಾನಿಗಳು ಇಬ್ಭಾಗವಾದರು. ನ್ಯಾಂಟಾಕಿ ಕಾಲದಲ್ಲೇ ಘಾನಾ ಮೂರು ವಿಶ್ವಕಪ್ ಆಡಿತ್ತು, 2010ರಲ್ಲಿ ಕ್ವಾರ್ಟರ್ ಫೈನಲ್ ತಲುಪಿತ್ತು. ಉರುಗ್ವೆಯ ಸುವಾರೆಸ್ ಕೈಯಿಂದ ಚೆಂಡು ತಡೆದದ್ದು, ಘಾನಾದ ಗ್ಯಾನ್ ಪೆನಾಲ್ಟಿ ತಪ್ಪಿಸಿಕೊಂಡದ್ದು ನಿಮಗೆ ನೆನಪಿರಬಹುದು. ತಿಂದರೆ ತಿನ್ನಲಿ, ತಂಡ ಗೆಲ್ಲಿಸಿದ ಮನುಷ್ಯ ಅಂದವರಿದ್ದರು. ಉಡುಗೊರೆ ಕೊಡುವುದು ನಮ್ಮ ಸಂಪ್ರದಾಯ, ಅದನ್ನು ಲಂಚ ಅಂತ ತೋರಿಸಿದರು ಅಂದವರೂ ಇದ್ದರು. ಸರ್ಕಾರ ಫುಟ್‌ಬಾಲ್ ಸಂಸ್ಥೆಯನ್ನೇ ವಿಸರ್ಜಿಸಲು ಹೊರಟಿತು, ಲೀಗ್ ನಿಂತುಹೋಯಿತು. ಹಾರ್ಟ್ಸ್ ಆಫ್ ಓಕ್, ಅಸಾಂಟೆ ಕೊಟೊಕೊದಂಥ ಹಳೆಯ ಕ್ಲಬ್ಬುಗಳಿಗೆ ಪೂರ್ಣ ಲೀಗ್ ಮತ್ತೆ ಸಿಕ್ಕಿದ್ದು 2019ರ ಡಿಸೆಂಬರ್ ಕೊನೆಗೆ, ಮೂರು ತಿಂಗಳಲ್ಲಿ ಕೊರೊನಾ ಬಂದು ಅದೂ ನಿಂತಿತು. ಕವರಿಗೆ ದುಡ್ಡು ತುಂಬಿದವರು ಒಬ್ಬರು. ಆಟವಿಲ್ಲದೆ ಕೂತವರಲ್ಲಿ ಆಟಗಾರರು, ಟಿಕೆಟ್ ಕೊಳ್ಳುವವರು, ಮೈದಾನದ ಹೊರಗೆ ಕಡಲೆಕಾಯಿ ಮಾರುವವರು ಎಲ್ಲರೂ ಸೇರಿದ್ದರು.

ಇನ್ನೊಂದು ಬೆಲೆಯನ್ನೂ ತೆತ್ತರು. ಅನಸ್ ತಂಡದ ಅಹ್ಮದ್ ಹುಸೇನ್ ಸುವಾಲೆ ಅವರ ಫೋಟೊವನ್ನು ಸಂಸದರೊಬ್ಬರು ಟಿವಿಯಲ್ಲಿ ತೋರಿಸಿ, ಕಂಡಲ್ಲಿ ಹೊಡೆಯಿರಿ ಅಂದಿದ್ದರು. 2019ರ ಜನವರಿಯಲ್ಲಿ ಅಕ್ರಾದಲ್ಲಿ ಕಾರಿನಲ್ಲಿ ಹೋಗುತ್ತಿದ್ದ ಸುವಾಲೆ ಅವರನ್ನು ಬೈಕಿನಲ್ಲಿ ಬಂದವರು ಗುಂಡಿಟ್ಟು ಕೊಂದರು. ಕೊಲೆಗೂ ತಮಗೂ ಸಂಬಂಧವಿಲ್ಲ ಅಂತ ಸಂಸದರು ಹೇಳಿದರು. ಅವರ ಮೇಲೆ ಅನಸ್ ಹೂಡಿದ ಮಾನನಷ್ಟ ಮೊಕದ್ದಮೆಯನ್ನು 2023ರಲ್ಲಿ ಹೈಕೋರ್ಟ್ ವಜಾ ಮಾಡುತ್ತಾ, ಅನಸ್ ಮಾಡುವುದು ತನಿಖಾ ಪತ್ರಿಕೋದ್ಯಮವಲ್ಲ, 'ತನಿಖಾ ಭಯೋತ್ಪಾದನೆ' ಅಂದಿತು. ನ್ಯಾಯಾಧೀಶರ ಕಾಳಜಿ ನನಗೆ ಅರ್ಥವಾಗುತ್ತದೆ, ಪದ ಒಪ್ಪಿಗೆಯಾಗುವುದಿಲ್ಲ. ನ್ಯಾಂಟಾಕಿ ಕೈಯಲ್ಲಿದ್ದ ಕವರನ್ನು ಪತ್ರಕರ್ತ ಹಿಡಿದು ತುಂಬಿಸಲಿಲ್ಲ.

ರಹಸ್ಯ ಕ್ಯಾಮೆರಾ ಇಲ್ಲದೆ ಇದೆಲ್ಲ ಹೊರಬರುತ್ತಿತ್ತೇ? ಫಿಫಾದ ಅಸಲಿ ಕಟ್ಟಡ ಕುಸಿದದ್ದು ತೆರಿಗೆ ಕಾಗದದಿಂದ. ಚಕ್ ಬ್ಲೇಜರ್ ಅನ್ನುವ ಅಮೆರಿಕದ ಅಧಿಕಾರಿ ವರ್ಷಗಟ್ಟಲೆ ಆದಾಯ ತೆರಿಗೆ ವಿವರ ಸಲ್ಲಿಸಿರಲಿಲ್ಲ. ಸಿಕ್ಕಿಬಿದ್ದ ಮೇಲೆ ಎಫ್‌ಬಿಐ ಪರವಾಗಿ ಕೆಲಸ ಮಾಡಿ, 2012ರ ಲಂಡನ್ ಒಲಿಂಪಿಕ್ಸ್ ವೇಳೆ ಕೀ ಚೈನಿನೊಳಗೆ ಮೈಕ್ ಇಟ್ಟುಕೊಂಡು ಸ್ನೇಹಿತರ ಮಾತು ರೆಕಾರ್ಡ್ ಮಾಡಿದರು ಅಂತ ವರದಿಯಾಯಿತು. ಅದೂ ಬಲೆಯೇ. ಆದರೆ ಅದರ ಹಿಂದೆ ಬ್ಯಾಂಕ್ ಲೆಕ್ಕ ಇತ್ತು, ಕೋರ್ಟ್ ಇತ್ತು, ರೆಕಾರ್ಡಿಂಗನ್ನು ಪ್ರಶ್ನಿಸುವ ವಕೀಲರಿದ್ದರು. ಪತ್ರಿಕೆ ತೋರಿಸುವುದು ತಾನು ಆರಿಸಿದ ಕೆಲವು ನಿಮಿಷ. ಆದ್ದರಿಂದ ನನ್ನ ಬೇಡಿಕೆ ಒಂದು: ಸುದ್ದಿ ಪ್ರಕಟವಾದ ಮೇಲೆ ಪೂರ್ತಿ ರೆಕಾರ್ಡಿಂಗ್ ಕೇಳುವ ಹಕ್ಕು ಸಿಕ್ಕಿಬಿದ್ದವನಿಗೂ ತನಿಖೆ ಮಾಡುವವರಿಗೂ ಇರಬೇಕು.

ನಮ್ಮ ದೇಶದ ವಿಷಯ ಒಂದೇ ಮಾತಲ್ಲಿ ಹೇಳಿಬಿಡುತ್ತೇನೆ. 2024ರಲ್ಲಿ ದೆಹಲಿಯ ಲೀಗ್ ಪಂದ್ಯವೊಂದರಲ್ಲಿ ಆಟಗಾರರು ತಮ್ಮದೇ ಗೋಲಿಗೆ ಚೆಂಡು ತಳ್ಳಿದ ವಿಡಿಯೊ ಎಲ್ಲೆಡೆ ಹರಿದಾಡಿ, ಮ್ಯಾಚ್ ಫಿಕ್ಸಿಂಗ್ ಆರೋಪ ಬಂತು. ಅದಕ್ಕೆ ವೇಷ ಹಾಕಿದ ಶೇಖ್ ಬೇಕಾಗಲಿಲ್ಲ, ಮಣಿಸರದ ಟೋಪಿಯೂ ಬೇಕಾಗಲಿಲ್ಲ. ಪಂದ್ಯದ ದೃಶ್ಯ ಎಲ್ಲರ ಕಣ್ಣೆದುರೇ ಇತ್ತು, ಅದನ್ನು ಮತ್ತೆ ಮತ್ತೆ ಹಾಕಿ ನೋಡಿ ಇದೇನ್ರೀ ಅಂತ ಕೇಳಿದವರು ಮಾಮೂಲಿ ಪ್ರೇಕ್ಷಕರು.

ಇನ್ನು ನಿಮ್ಮ ಪ್ರಶ್ನೆಗಳು. ಅಲರ್ಡೈಸ್ ಪರ ಇರುವವರು ಮೊದಲು ಕೈ ಎತ್ತಿ, ಜಗಳ ಅಲ್ಲಿಂದಲೇ ಶುರುವಾಗಲಿ.